ಡಿಕ್ಕಿಯಲ್ಲಿ ವಾಪಸ್ ಬಂದ ಹಿಡಿಕೆ

ಮಲೇಷ್ಯಾದ ನಮ್ಮ ತೆಲುಕ್ ಇಂತಾನ್ ಊರಿನಲ್ಲಿ 'ಆಗಲ್ಲ' ಅನ್ನುವ ಮನುಷ್ಯರನ್ನು ಹುಡುಕಿದರೂ ಸಿಗುವುದಿಲ್ಲ. ಮೀನಿನಂಗಡಿಯವನಿಂದ ಹಿಡಿದು ಕಚೇರಿಯ ಗುಮಾಸ್ತನವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಆಗುತ್ತೆ, ಆಗುತ್ತೆ. ಎದುರಿಗೆ ನಿಂತವರ ಮುಖಕ್ಕೆ 'ಆಗಲ್ಲ' ಅಂದರೆ ಅವರ ಮರ್ಯಾದೆ ತೆಗೆದಂತೆ ಎಂದು ಚಿಕ್ಕಂದಿನಿಂದ ಕಲಿಸಿರುತ್ತಾರೆ. ಈ ಮರ್ಯಾದೆಗಿಷ್ಟು ಬೆಂಕಿ ಹಾಕ!

ನಾನು ಸಲ್ಬಿಯಾ. ಅಂಬೆಗಾಲಿಡುವಾಗಲೇ ಪೋಲಿಯೋ ಬಂದು ನನ್ನ ಎರಡೂ ಕಾಲು ಹೋದವು. ನಡುವಯಸ್ಸಿನವರೆಗೂ ನಾನೊಂದು ಮೂಟೆ. ಮದುವೆಮನೆಗೆ ಹೋಗಬೇಕೆಂದರೆ ತಮ್ಮ ರಶ್ದಾನ್ ಎತ್ತಬೇಕು, ಹಲ್ಲುನೋವು ಬಂದರೆ ರಶ್ದಾನ್ ಎತ್ತಬೇಕು. ಪಾಪ, ಅವನು ಒಂದು ದಿನವೂ ಗೊಣಗಲಿಲ್ಲ. ಗೊಣಗುತ್ತಿದ್ದವಳು ಅವನ ಹೆಂಡತಿ, ಅದೂ ನನಗೆ ಕೇಳಿಸುವಷ್ಟೇ ಮೆಲ್ಲಗೆ.

ಆ ಮೂಟೆಯನ್ನು ಮನುಷ್ಯಳನ್ನಾಗಿ ಮಾಡಿದ್ದು ಮೆಕ್ಯಾನಿಕ್ ಅಂಕಲ್ ಹೋಯ್. ನದಿ ದಂಡೆಯ ರಸ್ತೆಯಲ್ಲಿ ಅವರದೊಂದು ತಗಡಿನ ಗ್ಯಾರೇಜು. ನನ್ನ ಹಳೇ ಪುಟ್ಟ ಆಟೋಮ್ಯಾಟಿಕ್ ಕಾರಿಗೆ ಅವರು ಒಂದು ಕೈಹಿಡಿಕೆ ಮಾಡಿಕೊಟ್ಟರು. ಮುಂದಕ್ಕೆ ತಳ್ಳಿದರೆ ಬ್ರೇಕು, ನನ್ನ ಕಡೆ ಎಳೆದರೆ ವೇಗ. ನನ್ನನ್ನು ಸೀಟಿನಲ್ಲಿ ಕೂರಿಸಿ, ತಳ್ಳಿಸಿ, ಎಳೆಸಿ, ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಿ ಒಂದು ಮಳೆಗಾಲ ಪೂರ್ತಿ ಕಳೆದರು. ನಕ್ಷೆ ಇಲ್ಲ, ಅಳತೆ ಇಲ್ಲ. ನನ್ನ ಮಣಿಕಟ್ಟೇ ಅವರ ಅಳತೆ. ಅಂದಿನಿಂದ ಬೆಳಗಿನ ಕುಯೆ ತಿಂಡಿಗಳನ್ನು ಬೇಯಿಸಿ, ಬಾಳೆಲೆಯಲ್ಲಿ ಕಟ್ಟಿ, ಕಾಫಿ ಅಂಗಡಿಗಳಿಗೆ ನಾನೇ ಹಾಕಿಬರುತ್ತಿದ್ದೆ. ಬೇಸರವಾದರೆ ಸುಮ್ಮನೆ ನದಿಯ ತುದಿವರೆಗೆ ಹೋಗಿ ಬರುತ್ತಿದ್ದೆ. ಯಾರನ್ನೂ ಕೇಳದೆ ಹೋಗುವುದರ ಸುಖ ಕಾಲಿದ್ದವರಿಗೆ ಗೊತ್ತಾಗುವುದಿಲ್ಲ, ಬಿಡಿ.

ಹೋದ ರಂಜಾನ್ ಮುಗಿದ ಮೇಲೆ ಬ್ರೇಕು ಕಿರುಗುಟ್ಟಲು ಶುರುವಾಯಿತು. ಎಂಜಿನ್ನೂ ಬಿಸಿಯಾಗುತ್ತಿತ್ತು. ಅಭ್ಯಾಸದಂತೆ ಅಂಕಲ್ ಹೋಯ್ ಹತ್ತಿರ ಹೋದೆ. ಅವರಿಗೆ ಲಕ್ವಾ ಹೊಡೆದು ಬಲಗೈ ಸೊರಗಿ ತೂಗಾಡುತ್ತಿತ್ತು.

"ಆಗುತ್ತೆ ಬಿಯಾ, ಆಗುತ್ತೆ. ಕಾರು ಬಿಟ್ಟು ಹೋಗು," ಅಂದರು. ಎಡಗೈಯಲ್ಲಿ ಸ್ಪಾನರ್ ಹಿಡಿದರು, ಬಿತ್ತು. ಅವರ ಹೆಂಡತಿ ಎತ್ತಿಕೊಟ್ಟರು. ಮತ್ತೆ ಬಿತ್ತು. ನಾವು ಮೂವರೂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆವು.

ಬ್ರೇಕಿನ ಕೆಲಸವಪ್ಪಾ! ನನಗೆ ಧೈರ್ಯ ಸಾಲಲಿಲ್ಲ. "ಮುಂದಿನ ವಾರ ತರ್ತೀನಿ ಅಂಕಲ್, ಈ ವಾರ ಆರ್ಡರ್ ಜಾಸ್ತಿ ಇದೆ," ಎಂದು ಹಸಿ ಸುಳ್ಳು ಹೇಳಿ ಬಂದೆ. ಅವರಿಗೆ 'ನಿಮ್ಮ ಕೈಲಿ ಆಗಲ್ಲ' ಅನ್ನಲು ನನಗೂ ನಾಲಿಗೆ ಬರಲಿಲ್ಲ. ನಾನೂ ಇದೇ ಊರಿನವಳಲ್ಲವೇ.

ಹಾಗಾದರೆ ಎಲ್ಲಿಗೆ ಹೋಗುವುದು? ಕಾರು ಬದಲಾಯಿಸಿ ಕಟ್ಟುವುದಕ್ಕೆ ಊರಿಗೆಲ್ಲ ಹೆಸರಾದವನು ನಮ್ಮ ಬೀದಿಯ ಫಾದ್ಲಿ. ಅವನ ಅಂಗಡಿಯಿಂದ ಹೊರಟ ಕಾರುಗಳು ಗುಡುಗುತ್ತಾ ಹೋಗುತ್ತವೆ, ಮಲಗಿದ ಕೂಸುಗಳು ಏಳುತ್ತವೆ.

"ಆಗುತ್ತೆ ಮಾಕ್ ಚಿಕ್!" ಅಂದ ಅವನು, ಬಾನೆಟ್ ಎತ್ತುವ ಮೊದಲೇ. ಬೀದಿಯ ಹುಡುಗರಿಗೆಲ್ಲ ನಾನು ಮಾಕ್ ಚಿಕ್, ಅಂದರೆ ಚಿಕ್ಕಮ್ಮ. "ಹಿಡಿಕೆಗೆ ಕೆಂಪು ಬಣ್ಣ ಹೊಡೆಯೋಣ. ಕೆಳಗಡೆ ನೀಲಿ ಲೈಟು ಹಾಕ್ಲಾ?"

"ನಾನು ರೇಸಿಗೆ ಹೋಗ್ತೀನೇನೋ? ಕುಯೆ ಮಾರೋಕೆ ಹೋಗೋದು."

"ಕುಯೆ ಬಿಸಿ ಬಿಸಿಯಾಗಿ ತಲುಪುತ್ತೆ ಮಾಕ್ ಚಿಕ್!"

"ನಿನ್ನ ತಲೆ," ಎಂದು ಬೈದು ಹೊರಟೆ. ನಗು ಬಂದರೂ ನಗಲಿಲ್ಲ, ಸಲಿಗೆ ಕೊಟ್ಟರೆ ಲೈಟು ಹಾಕಿಯೇ ಬಿಡುತ್ತಿದ್ದ.

ಉಳಿದದ್ದು ಹೆದ್ದಾರಿಯ ಪಕ್ಕದ ಗಾಜಿನ ದೊಡ್ಡ ಸರ್ವೀಸ್ ಸೆಂಟರು. ತಂಪು ಗಾಳಿ, ಪುಕ್ಕಟೆ ಕಾಫಿ. ಕೌಂಟರಿನ ಹುಡುಗಿ ಹೊರಗೆ ನನ್ನ ಕಾರಿನವರೆಗೂ ಬಂದು ಬಗ್ಗಿ ಮಾತಾಡಿಸಿದಳು. ನನಗೆ ಅದೇ ದೊಡ್ಡದಾಗಿ ಕಂಡಿತು ನೋಡಿ.

"ಏನು ಬೇಕಾದ್ರೂ ಮಾಡಿ ತಾಯಿ, ಈ ಹಿಡಿಕೆ ಮಾತ್ರ ಮುಟ್ಬೇಡಿ. ಇದೇ ನನ್ನ ಕಾಲು," ಅಂದೆ.

"ಆಗುತ್ತೆ ಪುವಾನ್," ಅಂದಳು, ಅಮ್ಮಾವ್ರೇ ಅನ್ನುವ ಹಾಗೆ. ಆ ನಗು, ಆ ವಿನಯ! ನನ್ನ ಕಾರಿನ ಹಿಂದೆಯೇ ವ್ಯಾನಿನಲ್ಲಿ ಬಂದಿದ್ದ ರಶ್ದಾನ್ ನನ್ನನ್ನು ಮನೆಗೆ ಕರೆತಂದ. ಎಷ್ಟೋ ಕಾಲದ ಮೇಲೆ ಅವನ ತೋಳಿನ ಮೇಲೆ ಕೂತಿದ್ದೆ. ಎರಡು ದಿನದ ಮಟ್ಟಿಗೆ ತಾನೇ ಅಂದುಕೊಂಡೆ.

ಕಾರನ್ನು ಅವರ ಡ್ರೈವರನೇ ಮನೆ ಬಾಗಿಲಿಗೆ ತಂದು ನಿಲ್ಲಿಸಿ, ಕೀ ಕೊಟ್ಟು, ನಮಸ್ಕರಿಸಿ ಹೋದ. ಫಳಫಳ ಹೊಳೆಯುತ್ತಿತ್ತು. ನಾಲ್ಕು ಹೆಜ್ಜೆಗಷ್ಟೇ ಆಗುವ ಊರುಗೋಲು ಒರಗಿಸಿ, ಸೀಟಿಗೆ ಸೇರಿಸಿಟ್ಟ ಹಲಗೆಯ ಮೇಲೆ ಜಾರಿ ಹೋಗಿ ಕೂತೆ. ಕೈ ತನ್ನಷ್ಟಕ್ಕೆ ಹಿಡಿಕೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕತ್ತರಿಸಿದ ಕಬ್ಬಿಣದ ಚೂಪು ತುದಿ ಬೆರಳಿಗೆ ತಾಗಿತು.

ನಮ್ಮ ಕಡೆ ಗ್ಯಾರೇಜಿನವರಿಗೆ ಒಂದು ಪದ್ಧತಿ ಇದೆ. ಬಿಚ್ಚಿದ ಹಳೇ ಸಾಮಾನನ್ನು ಎಸೆಯುವುದಿಲ್ಲ. ಹೊಸದು ಹಾಕಿದ್ದೇವೆ ಎಂದು ತೋರಿಸಲು ಡಿಕ್ಕಿಯಲ್ಲಿಟ್ಟು ಕಳಿಸುತ್ತಾರೆ. ರಶ್ದಾನ್ ಡಿಕ್ಕಿ ತೆಗೆದ. ಹಳೇ ಫಿಲ್ಟರು, ಹಳೇ ಬೆಲ್ಟು, ಸವೆದ ಬ್ರೇಕ್ ಪ್ಯಾಡು, ಅವುಗಳ ಪಕ್ಕದಲ್ಲಿ ನೀಟಾಗಿ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ನನ್ನ ಹಿಡಿಕೆ. ತುಂಡು ತುಂಡಾಗಿ.

ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಆ ಹುಡುಗಿ ದನಿ ಏರಿಸಲೇ ಇಲ್ಲ.

"ಕಂಪನಿದಲ್ಲದ್ದು ಪೆಡಲ್‌ಗೆ ಕಟ್ಟಿದ್ರೆ ನಮ್ಮವರು ಓಡಿಸಿ ನೋಡೋ ಹಾಗಿಲ್ಲ ಪುವಾನ್. ಬೋಲ್ಟ್ ಇರ್ಲಿಲ್ಲ, ಬೆಸುಗೆ ಇತ್ತು, ಅದಕ್ಕೆ ಕತ್ತರಿಸಿದ್ದಾರೆ."

"ಮುಟ್ಬೇಡಿ ಅಂದಾಗ ಆಗುತ್ತೆ ಅಂದ್ಯಲ್ಲೇ!"

"ಅಯ್ಯೋ, ಪುವಾನ್ ಮುಖ ನೋಡ್ಕೊಂಡು ಆಗಲ್ಲ ಅನ್ನೋದು ಹೇಗೆ?" ಅಂದಳು, ನಿಜವಾಗಿಯೂ ನೊಂದುಕೊಂಡು. "ಆದ್ರೆ ಒಂದು ಚೂರೂ ಎಸೆದಿಲ್ಲ. ಎಲ್ಲಾ ಡಿಕ್ಕಿಲಿದೆ, ನೋಡಿದ್ರಾ?"

ಫಾದ್ಲಿ ಬಂದು ನೋಡಿದ. ತುಂಡುಗಳನ್ನು ತಿರುವಿ ಹಾಕಿ, "ಆಗುತ್ತೆ ಮಾಕ್ ಚಿಕ್, ಬೆಸುಗೆ ಹಾಕಿದ್ರಾಯ್ತು," ಅಂದ. ಈ ಸಲ ಲೈಟಿನ ಮಾತಿಲ್ಲ, ಕಣ್ಣು ನೆಲದ ಮೇಲಿತ್ತು. ಬ್ರೇಕು ತಳ್ಳಿದೊಡನೆ ವೇಗ ತಗ್ಗಿಸುವ ಕೀಲಿನ ಮಧ್ಯಕ್ಕೇ ಗರಗಸ ಆಡಿತ್ತು. ನಾಳೆ ಶಾಲೆಯ ಮುಂದೆ ಮಕ್ಕಳು ಅಡ್ಡ ಬಂದಾಗ ಅದು ಕೈಕೊಟ್ಟರೆ? ಬೇಡ ಅಂದೆ. ಕ್ವಾಲಾಲಂಪುರದಲ್ಲಿ ಹೊಸ ಕಾರಿಗೆ ಹೊಸ ಹಿಡಿಕೆ ಹಾಕಿಕೊಡುವವರಿದ್ದಾರಂತೆ. ಇಷ್ಟು ಹಳೆಯ ಕಾರನ್ನು ಮುಟ್ಟುವುದಿಲ್ಲವಂತೆ. ಹೊಸ ಕಾರು ಕುಯೆ ಮಾರುವವಳಿಗೆ ಎಲ್ಲಿಂದ ಬರಬೇಕು?

ಕೊನೆಗೆ ಅಂಕಲ್ ಹೋಯ್ ಹತ್ತಿರವೇ ಹೋದೆ. ಹೋದೆ ಅನ್ನುವುದೇನು, ರಶ್ದಾನ್ ಕರೆದುಕೊಂಡು ಹೋದ. ನನ್ನ ಕಾರನ್ನು ಅವನು ಓಡಿಸಿದ, ನಾನು ಪಕ್ಕದ ಸೀಟಿನಲ್ಲಿ. ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ನಾನು ಕೂತಿದ್ದು ಅದೇ ಮೊದಲು.

ಗ್ಯಾರೇಜಿನ ಷಟರ್ ಮೇಲಕ್ಕೆತ್ತಿದ್ದರು. ಒಳಗೆ ಒಂದು ಕಾರೂ ಇರಲಿಲ್ಲ. ಮಧ್ಯದಲ್ಲಿ ಜಾಗ ಗುಡಿಸಿಟ್ಟಿದ್ದರು.

"ಮುಂದಿನ ವಾರ ತರ್ತೀನಿ ಅಂದಿದ್ಯಲ್ಲ," ಅಂದರು ಅಂಕಲ್. "ಕಾಯ್ತಿದ್ದೆ."

ಪೇಪರಿನ ಪೊಟ್ಟಣವನ್ನು ಅವರ ತೊಡೆಯ ಮೇಲಿಟ್ಟೆ. ಎಡಗೈಯಿಂದ ದಾರ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಒಂದು ತುಂಡಿಗೆ ಇನ್ನೊಂದನ್ನು ತಾಗಿಸಿ ನೋಡಿದರು. ಕೀಲಿನ ಮೇಲೆ ಹೆಬ್ಬೆರಳು ಆಡಿಸಿದರು. ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ಅದರ ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ನೋಡಿದರು.

"ಆಗಲ್ಲ, ಬಿಯಾ," ಅಂದರು.

ಆ ಬಾಯಿಂದ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಊರಿಗೆಲ್ಲ ಒಬ್ಬರಾದರೂ ನಿಜ ಹೇಳಬಾರದೇ ಎಂದು ಹಲುಬುತ್ತಿದ್ದವಳು ನಾನೇ. ಈಗ ಆ ನಿಜ ಯಾರಿಗೆ ಬೇಕಿತ್ತು?

"ಆಗುತ್ತೆ ಅನ್ನಿ ಅಂಕಲ್," ಅಂದೆ. ಅಳು ಬಂದುಬಿಟ್ಟಿತ್ತು. "ಒಂದ್ಸಲ ಅನ್ನಿ. ಸುಳ್ಳಾದ್ರೂ ಪರ್ವಾಗಿಲ್ಲ."

ಅವರು ತಲೆ ಅಲ್ಲಾಡಿಸಿದರು. ಅವರ ಹೆಂಡತಿ ಒಳಗೆ ಹೋದರು.

ರಶ್ದಾನ್ ನನ್ನನ್ನು ಎತ್ತಿಕೊಂಡ. ಅವನ ಮಂಡಿ ಕಟಕಟ ಅಂದಿತು, ಅವನಿಗೂ ವಯಸ್ಸಾಗಿದೆ. ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಬಾಗಿಲು ಮುಚ್ಚಿ, ಆಚೆಯಿಂದ ಬಂದು ಕೂತ. ಕೀ ತಿರುಗಿಸಿದ. ಸರ್ವೀಸ್ ಚೆನ್ನಾಗಿ ಮಾಡಿದ್ದರು, ಎಂಜಿನ್ನಿನ ಸದ್ದೇ ಕೇಳುತ್ತಿರಲಿಲ್ಲ.

"ಎಲ್ಲಿಗೆ ಹೋಗೋಣ, ಅಕ್ಕಾ?" ಅಂದ.

"ನಿಂಗೆಲ್ಲಿಗೆ ಹೋಗ್ಬೇಕೋ ಅಲ್ಲಿಗೆ," ಅಂದೆ.