ಯಾರದ್ದೂ ಅಲ್ಲದ ದಿನ

"ಸೋಮವಾರ," ಎಂದು ಲಿಸಿಯಾತೆ ಗಟ್ಟಿಯಾಗಿ ಓದಿದ. "ಒಂದು, ಹಂದಿ ಮೂರು ದಿನದಿಂದ ಮೇವು ಮುಟ್ಟದಿದ್ದರೆ ಏನು ಕಾರಣ. ಎರಡು, ಕಟ್ಟಿಸಿದ ಹಲ್ಲು ನಗುವಾಗ ಜಾರದಂತೆ ಏನು ಮಾಡಬೇಕು. ಮೂರು, ಎಪ್ಪತ್ತು ದಾಟಿದ ವಿಧವೆ ಮತ್ತೆ ಮದುವೆಯಾದರೆ ಚರ್ಚಿನಲ್ಲಿ ಬಿಳಿ ಉಡಬಹುದೇ."

ಸಭಾಮನೆಯ ತಗಡಿನ ಮಾಡು ಹಾರಿಹೋಗುವ ಹಾಗೆ ಜನ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮುದುಕಿ ಪಿಸಿಲಾ ಬೀಸಣಿಗೆಯನ್ನು ಬಾಯಿಗೆ ಅಡ್ಡ ಹಿಡಿದಳು. ಹಿಡಿದವಳು ಸುಮ್ಮನಿದ್ದಳೇ?

"ಹಂದಿ ಒಂದು ನಂದು. ಮಿಕ್ಕಿದ್ದು ಯಾರದ್ದೋ ನಂಗೊತ್ತಿಲ್ಲಪ್ಪ," ಎಂದಳು. ನಗು ಇನ್ನಷ್ಟು ಜೋರಾಯಿತು. ಮೇಜಿನ ಹಿಂದೆ ಕೂತಿದ್ದ ಬ್ರಿಜೆಟ್ ಎಂಬ ಆಸ್ಟ್ರೇಲಿಯಾದ ಹುಡುಗಿಯೂ, ಯಾಕೆಂದು ತಿಳಿಯದಿದ್ದರೂ, ಎಲ್ಲರ ಜೊತೆ ನಕ್ಕಳು.

ಹಿಂದಿನ ಸಾಲಿನ ಚಾಪೆಯ ಮೇಲೆ ಲತಾಯಿ ಕೂಡ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನಗುನಗುತ್ತಲೇ ಅವಳಿಗೆ ಹೊಳೆಯಿತು, ಸೋಮವಾರ ಮುಗಿದರೆ ಮುಂದಿನದು ಮಂಗಳವಾರ. ಮಂಗಳವಾರ ಅವಳದು.

ಹೋದ ವರ್ಷ ಬ್ರಿಜೆಟ್‌ನ ಅಧ್ಯಯನ ತಂಡದವರು ಬಂದು ಊರಿನಲ್ಲಿ ಮರದ ತೊಗಟೆಯನ್ನು ಕೊಡತಿಯಿಂದ ಬಡಿದು ಬಟ್ಟೆ ಮಾಡುವ ಹೆಂಗಸರ ಗುಂಪಿಗೆ ಒಂದು ಟ್ಯಾಬ್ ಕೊಟ್ಟಿದ್ದರು. ದ್ವೀಪದ ಹೆಂಗಸರು ಇಂಟರ್ನೆಟ್ಟಿನಲ್ಲಿ ಏನೇನು ಹುಡುಕುತ್ತಾರೆ ಎಂದು ಒಂದು ವರ್ಷ ಎಣಿಸುತ್ತೇವೆ, ಯಾರ ಹೆಸರೂ ಎಲ್ಲೂ ಬರುವುದಿಲ್ಲ ಎಂದು ಎದೆ ಮುಟ್ಟಿ ಹೇಳಿದ್ದರು. ಮಾತು ತಪ್ಪಲೂ ಇಲ್ಲ. ಈಗ ತಂದ ಲೆಕ್ಕದ ಹಾಳೆಯಲ್ಲಿ ಒಂದೇ ಒಂದು ಹೆಸರಿರಲಿಲ್ಲ, ಬರೀ ವಾರದ ದಿನಗಳಿದ್ದವು. ಆದರೆ ಗುಂಪಿನಲ್ಲಿ ಆರು ಹೆಂಗಸರು, ವಾರಕ್ಕೆ ಆರು ದಿನ, ಒಬ್ಬೊಬ್ಬಳ ಮನೆಗೆ ಒಂದೊಂದು ದಿನ ಟ್ಯಾಬ್ ಹೋಗುತ್ತಿತ್ತು. ಸೋಮವಾರ ಪಿಸಿಲಾಳದು, ಮಂಗಳವಾರ ಲತಾಯಿಯದು ಎಂದು ಫಲೆತೊಯಾ ಊರಿನ ನಾಯಿಗಳಿಗೂ ಗೊತ್ತು. ಬ್ರಿಜೆಟ್‌ಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲೂ ಇಲ್ಲ. ಶನಿವಾರ ಗುಂಪಿನ ಯಜಮಾನಿ ಅಕೊಸಿತಾಳದು. ಭಾನುವಾರ ಟ್ಯಾಬ್ ಅವಳ ಮನೆಯ ಬೀರುವಿನ ಮೇಲೆ, ಬಿಸ್ಕತ್ತಿನ ಡಬ್ಬಿಯಲ್ಲೇ ಇರುತ್ತಿತ್ತು. ಭಾನುವಾರ ಈ ದೇಶದಲ್ಲಿ ಅಂಗಡಿ ತೆಗೆಯುವುದಿಲ್ಲ, ವಿಮಾನ ಹಾರುವುದಿಲ್ಲ. ಟ್ಯಾಬಿಗೂ ರಜ ಇರಲಿ ಎಂದು ಹೆಂಗಸರೇ ತೀರ್ಮಾನಿಸಿದ್ದರು.

ಊರಿಗೆ ಬಂದ ಯಾವ ಕಾಗದವನ್ನಾದರೂ ಊರ ಅಧಿಕಾರಿಯೇ ಎದ್ದು ನಿಂತು ಓದಬೇಕು. ಊರ ಅಧಿಕಾರಿ ಲಿಸಿಯಾತೆ. ಅವನು ಲತಾಯಿಯ ಒಡಹುಟ್ಟಿದ ಅಣ್ಣ. ಇಲ್ಲಿಯ ಕಟ್ಟಳೆಯಂತೆ ಹತ್ತು ವರ್ಷ ದಾಟಿದ ಮೇಲೆ ಅಣ್ಣ ತಂಗಿ ಒಂದೇ ಮಾಡಿನ ಕೆಳಗೆ ಮಲಗಿದವರಲ್ಲ, ಒಂದೇ ಕೋಣೆಯಲ್ಲಿ ಕೂತು ಟಿವಿ ನೋಡಿದವರಲ್ಲ. ತಂಗಿಯ ಎದುರು ಗಂಡ ಹೆಂಡಿರ ವಿಷಯ ಯಾರಾದರೂ ತೆಗೆದರೆ ಅಣ್ಣನಾದವನು ಎದ್ದು ಹೋಗಬೇಕು. ಅಂಥ ಅಣ್ಣನ ಬಾಯಿಂದಲೇ ಅದು ಬರಬೇಕಿತ್ತೇ?

"ಮಂಗಳವಾರ. ಒಂದು, ಮಿಲ್ಡೂರಾದ ದ್ರಾಕ್ಷಿ ತೋಟಗಳಲ್ಲಿ ಕೆಲಸ ಯಾವ ತಿಂಗಳಿಗೆ ಮುಗಿಯುತ್ತದೆ. ಎರಡು, ಗಂಡನ ಮನಸ್ಸು ಬೇರೆ ಕಡೆ ಹೋಗಿದೆ ಎಂದು ತಿಳಿಯುವುದು ಹೇಗೆ. ಮೂರು, ನಲವತ್ತೈದರ ಹೆಂಗಸು ಗಂಡನಿಗೆ ಮತ್ತೆ ಹಿಡಿಸಬೇಕಾದರೆ..."

ಅಲ್ಲಿಗೆ ಅವನ ಬಾಯಿ ಕಟ್ಟಿತು. ಓದುವ ಭರದಲ್ಲಿ ಯಾವ ವಾರ ಎಂಬುದನ್ನು ಅವನು ಯೋಚಿಸಿರಲಿಲ್ಲ, ಈಗ ಯೋಚಿಸಿದ. ಹಾಳೆಯನ್ನು ನಾಲ್ಕಾಗಿ ಮಡಿಸಿ ಮೇಜಿನ ಮೇಲಿಟ್ಟ. ತಲೆ ತಗ್ಗಿಸಿ, ಹೆಂಗಸರ ಕಡೆ ನೋಡದೆ, ಬದಿಯ ಬಾಗಿಲಿನಿಂದ ಹೊರಟುಹೋದ.

ಏನಾಯಿತು, ಏನಾಯಿತು ಎಂದು ಬ್ರಿಜೆಟ್ ಅವರಿವರ ಮುಖ ನೋಡಿದಳು. ಹೆಸರಿಲ್ಲವಲ್ಲ, ಯಾರ ಹೆಸರೂ ಇಲ್ಲವಲ್ಲ ಎಂದು ತನ್ನ ಅರೆಬರೆ ಟೊಂಗನ್ ಭಾಷೆಯಲ್ಲಿ ಎರಡು ಸಲ ಹೇಳಿದಳು. ಪಾದ್ರಿ ಎದ್ದು ಪ್ರಾರ್ಥನೆ ಮಾಡಿ ಸಭೆ ಮುಗಿಸಿದರು. ಮನೆಗೊಂದರಂತೆ ಬಾಗಿಲಲ್ಲಿ ಪೇರಿಸಿದ್ದ ಹಾಳೆಗಳಿಂದ ಲತಾಯಿ ಒಂದನ್ನು ಎತ್ತಿಕೊಂಡಳು. ಯಾಕೆ ಎತ್ತಿಕೊಂಡಳೋ ಅವಳಿಗೇ ಗೊತ್ತಿಲ್ಲ. ಮಾನ ಹೋದ ಮೇಲೆ ರಸೀದಿಯನ್ನಾದರೂ ಇಟ್ಟುಕೊಳ್ಳೋಣ ಎಂದಿರಬೇಕು.

ಹೊರಗೆ ಬಂದು ತೋಳು ಹಿಡಿದು ನಡೆಸಿಕೊಂಡು ಹೋದವಳು ಅಕೊಸಿತಾ. ಅವಳು ಗುಂಪಿಗೆ ಯಜಮಾನಿ ಮಾತ್ರವಲ್ಲ, ಲತಾಯಿಯ ಗಂಡ ಕೆಪುವಿನ ಅಕ್ಕ. ಏಳು ತಿಂಗಳ ಕೆಲಸ ಎಂದು ಆಸ್ಟ್ರೇಲಿಯಾದ ಮಿಲ್ಡೂರಾಕ್ಕೆ ಹೋದ ಕೆಪು ಮೂರು ವರ್ಷವಾದರೂ ಮರಳಿರಲಿಲ್ಲ. ಮೊದಲು ವೀಸಾ ಮುಂದುವರಿಸಿದ್ದಾರೆ ಎಂದ, ಆಮೇಲೆ ಮೇಸ್ತ್ರಿ ಬಿಡುತ್ತಿಲ್ಲ ಎಂದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಈ ಮೂರು ವರ್ಷದಲ್ಲಿ ಲತಾಯಿಗೆ ಬೇಕಾಗಿದ್ದದ್ದು ಒಂದೇ ಉತ್ತರ, ಬರುತ್ತಾನೋ ಇಲ್ಲವೋ. ಬೇರೆ ಯಾರನ್ನು ಕೇಳಿದರೂ ಊರು ತುಂಬ ಸುದ್ದಿಯಾಗುತ್ತದೆಂದು ಅವಳು ಆ ಟ್ಯಾಬನ್ನು ಕೇಳಿದ್ದಳು. ಹೊಟ್ಟೆಯೊಳಗಿನದನ್ನು ಬಾಯಿ ಬಿಟ್ಟು ಹೇಳಿದ್ದು ಅತ್ತಿಗೆ ಅಕೊಸಿತಾ ಒಬ್ಬಳ ಹತ್ತಿರ ಮಾತ್ರ.

"ತಲೆ ಕೆಡಿಸ್ಕೋಬೇಡ್ವೇ," ಎಂದಳು ಅಕೊಸಿತಾ. "ಅವ್ನು ನಾನು ಎತ್ತಾಡ್ಸಿದ ತಮ್ಮ. ಅವನ ಬುದ್ಧಿ ನಂಗೊತ್ತಿಲ್ವಾ? ಬರ್ತಾನೆ." ಸ್ವಲ್ಪ ದೂರ ಹೋದ ಮೇಲೆ ಕೈಚಾಚಿ, "ಆ ಹಾಳೆ ಇತ್ಲಾಗೆ ಕೊಡು, ಒಲೆಗೆ ಹಾಕ್ತೀನಿ," ಎಂದಳು.

ಲತಾಯಿ ಕೊಡಲಿಲ್ಲ.

ಮನೆಗೆ ಬಂದು ಮರಗೆಣಸು ಬೇಯಲು ಇಟ್ಟು, ಹೊಸ್ತಿಲ ಮೇಲೆ ಕೂತು ಹಾಳೆ ಬಿಡಿಸಿದಳು. ತನ್ನ ಸಾಲುಗಳ ಮೇಲೆ ಕಣ್ಣಾಡಿಸಲು ಮನಸ್ಸಾಗದೆ ಮುಂದಕ್ಕೆ ಹೋದಳು. ಬುಧವಾರದವಳು ಮಗನ ಕುಡಿತ ಬಿಡಿಸುವ ಮದ್ದು ಹುಡುಕಿದ್ದಳು. ಗುರುವಾರದವಳು ಚರ್ಮ ಬೆಳ್ಳಗಾಗುವ ಮುಲಾಮು ಹುಡುಕಿದ್ದಳು. ಪಾಪ, ಎಲ್ಲರ ಮನೆಯ ದೋಸೆಯೂ ತೂತೇ ಎಂದು ಲತಾಯಿಗೆ ಒಂದು ಗಳಿಗೆ ಸಮಾಧಾನವಾಯಿತು. ಶನಿವಾರ ಅಕೊಸಿತಾಳದು, ಬರೀ ಕೀರ್ತನೆಗಳು, ಕೇಕು ಮಾಡುವ ವಿಧಾನ. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅದರ ಕೆಳಗೆ ಇನ್ನೊಂದು ವಾರವಿತ್ತು, ಟ್ಯಾಬ್ ಅಕೊಸಿತಾಳ ಬೀರುವಿನ ಮೇಲೇ ಇರುವ ವಾರ.

ಭಾನುವಾರ. ಒಂದು, ತೊಗಟೆ ಬಟ್ಟೆಯನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದರೆ ಬಂದರಿನಲ್ಲಿ ಹುಳದ ತಪಾಸಣೆಗೆ ಎಷ್ಟು ದಿನ. ಎರಡು, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಮಿಲ್ಡೂರಾದಲ್ಲಿ ಬಾಡಿಗೆಗೆ ಸಿಗುವ ಸಭಾಮನೆ. ಮೂರು, ತಂದೆ ತಾಯಿಗೆ ಮದುವೆಯಾಗದಿದ್ದರೂ ಮಗುವಿಗೆ ತಂದೆಯ ತಾಯಿಯ ಹೆಸರು, ಮೆಲೆನೈತೆ, ದಾಖಲಿಸಬಹುದೇ.

ಮೆಲೆನೈತೆ ಲತಾಯಿಯ ಅತ್ತೆ, ಕೆಪುವಿನ ತಾಯಿ. ಹಾಸಿಗೆ ಹಿಡಿದ ಅವಳನ್ನು ನಾಲ್ಕು ವರ್ಷ ಎತ್ತಿ ಇಳಿಸಿ, ತೊಳೆದು ಬಳಿದು ನೋಡಿಕೊಂಡವಳು ಲತಾಯಿ. ನಿನಗೆ ಹೆಣ್ಣು ಹುಟ್ಟಿದರೆ ನನ್ನ ಹೆಸರು ಇಡಿಸು ಎಂದು ಮುದುಕಿ ಸಾಯುವಾಗ ಕೈ ಹಿಡಿದು ಕೇಳಿದ್ದಳು. ಹೆಸರಿಡುವ ಹಕ್ಕು ಇಲ್ಲಿ ತಂದೆಯ ಅಕ್ಕತಂಗಿಯರದು. ಲತಾಯಿಗೆ ಹುಟ್ಟಿದ್ದು ಇಬ್ಬರೂ ಗಂಡುಮಕ್ಕಳು, ಇಬ್ಬರಿಗೂ ಹೆಸರಿಟ್ಟವಳು ಅಕೊಸಿತಾ. ಮೆಲೆನೈತೆ ಎಂಬ ಹೆಸರು ಹಾಗೇ ಕಾದುಕೊಂಡಿತ್ತು. ಈಗ ಅದನ್ನು ಯಾರಿಗೋ ಕೊಟ್ಟಾಗಿತ್ತು.

ಉತ್ತರ ಸಿಕ್ಕಿತು. ಮರಗೆಣಸು ತಳ ಹಿಡಿದು ವಾಸನೆ ಬಂದಾಗಲೂ ಅವಳು ಏಳಲಿಲ್ಲ. ಗಂಡ ಕೈಬಿಟ್ಟಿದ್ದಾನೆ ಎಂಬುದು ಅವಳ ಒಳಮನಸ್ಸಿಗೆ ಯಾವತ್ತೋ ಗೊತ್ತಿತ್ತು, ಅದಕ್ಕೆ ಬೇಕಾದ ಅಳುವನ್ನು ಮಂಗಳವಾರಗಳಲ್ಲಿ ಅತ್ತು ಮುಗಿಸಿದ್ದಳು. ಉರಿದದ್ದು ಬೇರೆ. ಐದು ತಿಂಗಳಿಂದ ಬೆಳಗಾದರೆ ಅಕೊಸಿತಾಳ ಎದುರು ಕೂತು ಒಂದು ದೊಡ್ಡ ಬಟ್ಟೆ ಬಡಿಯುತ್ತಿದ್ದಳಲ್ಲ, ಅದು. ಗುಂಪಿನವರು ಸರದಿಯಂತೆ ಒಬ್ಬೊಬ್ಬಳಿಗೆ ಒಂದೊಂದು ಬಟ್ಟೆ ಮಾಡಿಕೊಡುವುದು ಪದ್ಧತಿ. ಈ ಸಲದ ಸರದಿ ಅಕೊಸಿತಾಳದು. ಚರ್ಚಿನ ಸಮ್ಮೇಳನಕ್ಕೆ ಕೊಡುತ್ತೇನೆ ಎಂದಿದ್ದಳು. ನಡುವೆ ಮೊಳದಷ್ಟು ಜಾಗ ಚಿತ್ರ ಬರೆಯದೆ ಖಾಲಿ ಉಳಿಸಿದ್ದಳು. ಅಲ್ಲೇನು ಬರುತ್ತೆ ಅತ್ತಿಗೆ ಎಂದು ಕೇಳಿದ್ದಕ್ಕೆ, ಆಮೇಲೆ ನೋಡೋಣ ಎಂದಿದ್ದಳು. ಬಟ್ಟೆ ಸಮ್ಮೇಳನಕ್ಕಲ್ಲ, ಮಿಲ್ಡೂರಾದ ಆ ಹುಟ್ಟುಹಬ್ಬಕ್ಕೆ, ಖಾಲಿ ಜಾಗ ಮಗುವಿನ ಹೆಸರಿಗೆ.

ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಮೇಯ್ದದ್ದಷ್ಟೇ ಅಲ್ಲ, ಹೊಲದ ಕೈಲೇ ಹುಲ್ಲು ಹೊರಿಸಿತ್ತು.

ಮರುದಿನ ಬಡಿಯುವ ಚಪ್ಪರಕ್ಕೆ ಲತಾಯಿ ಎಲ್ಲರಿಗಿಂತ ಕೊನೆಗೆ ಬಂದಳು. ಐವರು ಹೆಂಗಸರೂ ಆಗಲೇ ಕೂತಿದ್ದರು, ಒಬ್ಬಳ ಕೊಡತಿಯೂ ಏಳುತ್ತಿರಲಿಲ್ಲ. ಹಾಳೆ ಮನೆಮನೆಗೂ ಹೋಗಿತ್ತು, ಭಾನುವಾರವನ್ನು ಎಲ್ಲರೂ ಓದಿದ್ದರು. ಪಿಸಿಲಾ ಮಾತ್ರ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. ಮುಗಿದ ಬಟ್ಟೆ ಚಪ್ಪರದ ಉದ್ದಕ್ಕೂ ಹಾಸಿತ್ತು, ಕಂದುಬಣ್ಣದ ಚಿತ್ರಗಳ ನಡುವೆ ಆ ಖಾಲಿ ಜಾಗ.

ಲತಾಯಿ ಕೂರಲಿಲ್ಲ. "ಯಾವಾಗ್ಲಿಂದ ಗೊತ್ತಿತ್ತು ಅತ್ತಿಗೆ?" ಎಂದಳು.

ಅಕೊಸಿತಾ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಎರಡು ವರ್ಷ ಆಯ್ತು."

"ಎರಡು ವರ್ಷ. ಪ್ರತಿ ಸಲ ಬರ್ತಾನೆ ಬರ್ತಾನೆ ಅಂತಿದ್ರಿ."

"ಬರ್ಲಿ ಅಂತ್ಲೇ ಇತ್ತು ಕಣೇ ನಂಗೂ. ಆಮೇಲೆ ಮಗು ಹುಟ್ತು. ಅದೇನು ಪಾಪ ಮಾಡಿತ್ತು? ಸೋದರತ್ತೆ ಅನ್ನಿಸ್ಕೊಂಡೋಳು ಹೆಸ್ರಿಡ್ಲಿಲ್ಲ ಅಂದ್ರೆ ಅದು ನಮ್ಮ ಕುಲಕ್ಕೆ ಸೇರುತ್ತಾ? ಹೆಸರು ಕೇಳಿ ಕಳಿಸಿದ್ರು, ಇಲ್ಲ ಅನ್ನೋಕೆ ನನ್ನ ಕೈಲಿ ಆಗ್ಲಿಲ್ಲ." ಅಕೊಸಿತಾ ಅಂಗೈಯಿಂದ ಬಟ್ಟೆಯ ಅಂಚನ್ನು ಸವರಿದಳು. ಆಮೇಲೆ ಯಾರೂ ಕೇಳದಿದ್ದರೂ ಹೇಳಿದಳು. "ಭಾನುವಾರ ವಿಮಾನಾನೂ ಹಾರಲ್ಲ. ಎಣಿಸೋದೂ ನಿಲ್ಸಿರ್ತಾರೆ ಅಂದ್ಕೊಂಡೆ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಪಿಸಿಲಾ ಒಂದು ವಾರ ನಗುತ್ತಿದ್ದಳು. ಈಗ ತನ್ನ ಕೊಡತಿಯ ಹಿಡಿಯನ್ನೇ ನೋಡುತ್ತಿದ್ದಳು.

"ಹೆಸ್ರಿಟ್ಟಿದ್ದು ನಿಮ್ಮ ಹಕ್ಕು, ಅದಕ್ಕೆ ನಾನು ಮಾತಾಡಲ್ಲ," ಎಂದಳು ಲತಾಯಿ. "ಮಗು ಮೇಲೂ ಸಿಟ್ಟಿಲ್ಲ. ಆದ್ರೆ ಅದರ ಬಟ್ಟೆನ ನನ್ನ ಕೈಲಿ ಬಡಿಸಿದ್ರಲ್ಲ ಅತ್ತಿಗೆ. ಎದುರಿಗೆ ಕೂತು, ನನ್ನ ಮುಖ ನೋಡ್ಕೊಂಡು, ಇನ್ನೂ ಸ್ವಲ್ಪ ತೆಳ್ಳಗೆ ಬಡಿ ಅಂದ್ರಲ್ಲ."

ಅಕೊಸಿತಾ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ್ದ ಚಾಪೆಯನ್ನು ಬಿಗಿ ಮಾಡಿಕೊಂಡಳು, ಸಡಿಲ ಮಾಡಿಕೊಂಡಳು. ಬೇಡವೆಂದರೆ ಬಟ್ಟೆಯನ್ನು ನೀನೇ ಇಟ್ಟುಕೋ, ಹರಿದರೂ ಸರಿ, ನಾನು ತಡೆಯುವುದಿಲ್ಲ ಎಂದಳು. ಐದು ತಿಂಗಳು ಆರು ಜನ ಬಡಿದ ಬಟ್ಟೆ ಅದು.

ಲತಾಯಿ ಚಪ್ಪರದ ಮೂಲೆಗೆ ಹೋಗಿ ಕಪ್ಪು ಬಣ್ಣದ ಗಡಿಗೆಯನ್ನೂ ಕೇದಗೆಕಾಯಿಯ ನಾರಿನ ಕುಂಚವನ್ನೂ ತಂದಳು. ಊರಿನ ಬಟ್ಟೆಗಳ ಮೇಲೆ ಅಕ್ಷರ ಬರೆಯುವುದು ಮೊದಲಿನಿಂದಲೂ ಅವಳ ಕೆಲಸ. ಅವಳ ಬರಹ ಅಚ್ಚು ಹೊಡೆದ ಹಾಗೆ. ಚಪ್ಪಲಿ ಬಿಟ್ಟು, ಬಟ್ಟೆಯ ಮೇಲೆ ಮೆಲ್ಲಗೆ ನಡೆದು, ಖಾಲಿ ಜಾಗದ ಮುಂದೆ ಮಂಡಿಯೂರಿದಳು.

ಮೊದಲ ಸಾಲು ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೆಲೆನೈತೆ. ನೋಡುತ್ತಿದ್ದ ಅಕೊಸಿತಾ ಬಾಯಿಗೆ ಕೈ ಅಡ್ಡ ಹಿಡಿದು ಅಳತೊಡಗಿದಳು. ನಾನು ತಪ್ಪು ಮಾಡಿದೆ, ನೀನು ದೊಡ್ಡವಳು ಎಂದಳು. ಲತಾಯಿ ತಲೆ ಎತ್ತಲಿಲ್ಲ. ಕುಂಚವನ್ನು ಮತ್ತೆ ಅದ್ದಿ, ಗಡಿಗೆಯ ಅಂಚಿಗೆ ಒರೆಸಿ, ಅಷ್ಟೇ ದಪ್ಪ ಅಕ್ಷರದಲ್ಲಿ ಕೆಳಗೆ ಎರಡನೆಯ ಸಾಲು ಬರೆದಳು. ಬಡಿದವಳು ಲತಾಯಿ, ಕೆಪುವಿನ ಹೆಂಡತಿ.

ಅಕೊಸಿತಾಳ ಅಳು ಅಲ್ಲಿಗೇ ನಿಂತಿತು. ಆ ಕಪ್ಪು ಒಮ್ಮೆ ಕೂತರೆ ತೊಳೆದರೆ ಹೋಗುವುದಲ್ಲ, ಕೆರೆದರೆ ಬಟ್ಟೆಯೇ ಹರಿಯುತ್ತದೆ.

"ಇದ್ನ ಕಳ್ಸೋದು ಹೆಂಗೇ?" ಎಂದಳು. "ಅಲ್ಲಿ ಸಭೆ ಮಧ್ಯ ಹಾಸ್ತಾರೆ. ಎಲ್ರೂ ಓದ್ತಾರೆ."

"ನಮ್ಮೂರಲ್ಲೂ ಓದಿದ್ರು," ಎಂದಳು ಲತಾಯಿ.

ಬಣ್ಣ ಹಸಿ ಇತ್ತು. ಬಿಸಿಲಿಗೆ ಹಾಕದಿದ್ದರೆ ಹರಡುತ್ತದೆ. ಪಿಸಿಲಾ ಮೊದಲು ಎದ್ದು ಒಂದು ತುದಿ ಹಿಡಿದಳು, ಆಮೇಲೆ ಉಳಿದವರು. ಒಂದು ಮೂಲೆ ಹಾಗೇ ನೆಲದ ಮೇಲಿತ್ತು. ಎಲ್ಲರೂ ಕಾದರು. ಅಕೊಸಿತಾ ಬಂದು ಅದನ್ನು ಎತ್ತಿಕೊಂಡಳು. ಹೆಂಗಸರು ಬಟ್ಟೆಯನ್ನು ಹೊತ್ತು ತಂದು ರಸ್ತೆ ಬದಿಯ ಹುಲ್ಲಿನ ಮೇಲೆ, ಬರಹ ಮೇಲಾಗಿ ಹಾಸಿದರು. ಹಂದಿಮರಿಗಳನ್ನು ಓಡಿಸಿ, ಚಪ್ಪರದೊಳಗೆ ಹೋಗಿ ಕೂತರು.

ಹತ್ತು ಗಂಟೆಯ ಸುಮಾರಿಗೆ ಲಿಸಿಯಾತೆ ತೋಟದಿಂದ ಆ ದಾರಿಯಾಗಿ ಬಂದ. ಚಪ್ಪರದಲ್ಲಿ ತಂಗಿ ಇರುತ್ತಾಳೆಂದು ತಿಳಿದು ಅತ್ತ ನೋಡಲಿಲ್ಲ. ಬಟ್ಟೆಯ ಹತ್ತಿರ ನಿಂತ. ಹೆಗಲ ಮೇಲಿನ ಗೆಣಸಿನ ಬುಟ್ಟಿಯನ್ನು ಕೆಳಗಿಟ್ಟು, ಮೇಲಿನ ಸಾಲು ಓದಿದ, ಕೆಳಗಿನ ಸಾಲನ್ನೂ ಕೊನೆಯವರೆಗೆ ಓದಿದ. ಗಾಳಿಗೆ ಬಟ್ಟೆಯ ಒಂದು ಅಂಚು ಎದ್ದೆದ್ದು ಬರಹದ ಮೇಲೆ ಮಗುಚಿಕೊಳ್ಳಲು ನೋಡುತ್ತಿತ್ತು. ಅವನು ರಸ್ತೆಯಾಚೆ ಹೋಗಿ ಅಂಗೈ ಅಗಲದ ಒಂದು ಕಲ್ಲು ಹುಡುಕಿ ತಂದು, ಅದರ ಮಣ್ಣನ್ನು ಅಂಗಿಗೆ ಒರೆಸಿ, ಆ ಅಂಚಿನ ಮೇಲಿಟ್ಟ.