ಪ್ಯಾಟಿ ತಗೀರಿ

ತಾತೋಬಾನ ಹೆಗಲ ಮೇಲೆ ಎರಡನೆಯ ತಂಬಿಗೆ ನೀರು ಬೀಳುವಾಗಲೇ ಓಣಿಯ ತುದಿಯಲ್ಲಿ ಜೀಪಿನ ಭೋಂಗಾ ಕೂಗತೊಡಗಿತು. ಮೊದಲು ಮರಾಠಿಯಲ್ಲಿ, ಹಿಂದೆಯೇ ಕನ್ನಡದಲ್ಲಿ.

"ಹೆಸರಾಂತ ಅರ್ಥಶಾಸ್ತ್ರಜ್ಞರು, ಲೇಖಕರು, ನಮ್ಮ ಇಚಲಕರಂಜಿಯ ಅಭಿಮಾನ, ಪ್ರೊಫೆಸರ್ ತಾತೋಬಾ ನೂಲಿ ಸರ ಅವರು ತೀರಿಕೊಂಡಾರ. ಅವರ ಗೌರವಕ್ಕ ಇವತ್ತಿನ ಸಂತಿ, ಪ್ಯಾಟಿ, ಎಲ್ಲಾ ಸಂಜೀತನಕ ಬಂದ್. ಯಾರೂ ಅಂಗಡಿ ತಗೀಬಾರದು!"

ಬಕೆಟ್ಟಿನಿಂದ ತಂಬಿಗೆ ತುಂಬಿ ತುಂಬಿ ಗಂಡಸರ ಕೈಗೆ ಕೊಡುತ್ತಿದ್ದ ಶೆವಂತಾ ಅಲ್ಲಿಗೇ ನಿಂತಳು. ಅಂಗಳದ ಹಲಗೆಯ ಮೇಲೆ ಮಲಗಿದ್ದ ಗಂಡನ ಮೋರೆಯನ್ನೊಮ್ಮೆ ನೋಡಿದಳು. ಈ ಮಾತು ಕೇಳಿ ಎದ್ದು ಕೂತಾನೇನೋ ಎಂದು ಒಂದು ಗಳಿಗೆ ಅನ್ನಿಸಿತು.

"ಏನಂದ, ಮೋನಾಲಿ?" ಎಂದು ಪಕ್ಕದಲ್ಲಿದ್ದ ಮಗಳನ್ನು ಕೇಳಿದಳು.

"ಅಪ್ಪನ ಸಲುವಾಗಿ ಪ್ಯಾಟಿ ಬಂದ್ ಮಾಡ್ಯಾರಂತ, ಅವ್ವಾ."

"ಯಾರನ್ನ ಕೇಳಿ?"

ಮೋನಾಲಿ ಅವ್ವನ ಕೈಯಿಂದ ತಂಬಿಗೆ ತೆಗೆದುಕೊಂಡು ತಾನೇ ತುಂಬಿದಳು. ತಿಂಗಳೊಪ್ಪತ್ತು ಕೊಲ್ಹಾಪುರದ ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆಯ ಬದಿಗೆ ಕೂತು ಕೂತು ಅವಳ ಕಣ್ಣು ಕೆಂಡವಾಗಿದ್ದವು. ನಿನ್ನೆ ಸಂಜೆ ಉಸಿರು ನಿಂತಿತು. ಬೆಳಗಾಗುವ ಹೊತ್ತಿಗೆ ಅಂಬುಲೆನ್ಸಿನಲ್ಲಿ ಮನೆಗೆ ತಂದಿದ್ದರು.

ತಾತೋಬಾ ಈ ಊರಿನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಕಲಿಸಿದವನು. ಮಗ್ಗಗಳ ಊರಾದ್ದರಿಂದ ನೂಲಿ ಅಂದರೆ ನೂಲು ಇರಬೇಕೆಂದೇ ಅರ್ಧ ಜನ ತಿಳಿದಿದ್ದರು. ಅಸಲಿಗೆ ಅದು ಗಡಹಿಂಗ್ಲಜ ತಾಲೂಕಿನ ನೂಲ ಎಂಬ ಅವನ ಹುಟ್ಟೂರು. ಕನ್ನಡದಲ್ಲೂ ಮರಾಠಿಯಲ್ಲೂ ಬರೆದ, ಲೆಕ್ಕವಿಲ್ಲದಷ್ಟು ಬರೆದ. ಎಲ್ಲದರಲ್ಲೂ ಒಂದೇ ಮಾತು: ಬೆಳೆದವನೂ ಕೊಳ್ಳುವವನೂ ಕೂತು ಬೆಲೆ ಮಾಡಿಕೊಳ್ಳಲಿ, ಸರ್ಕಾರ ಅವರ ನಡುವೆ ಕೈ ಹಾಕದಿರಲಿ. ಈ ಮಾತಿಗೆ ಕಾರ್ಮಿಕ ಸಂಘದವರು ಅವನನ್ನು ಸೇಠಜಿಗಳ ದಲ್ಲಾಳಿ ಎಂದರು. ವ್ಯಾಪಾರದ ಪರವಾನಗಿಯನ್ನು ಕೇಳಿದವರಿಗೆಲ್ಲ ಕೊಡಿ ಎಂದು ಬರೆದಾಗ ಸೇಠಜಿಗಳೂ ಅವನನ್ನು ಮದುವೆ ಮುಂಜಿಗೆ ಕರೆಯುವುದು ಬಿಟ್ಟರು. ಕೊಲ್ಹಾಪುರದಲ್ಲೊಮ್ಮೆ ಭಾಷಣದ ನಡುವೆ ಮುಖಕ್ಕೆ ಮಸಿ ಎರಚಿದರು. ಧೋತರದ ಚುಂಗಿನಿಂದ ಒರೆಸಿಕೊಂಡು, ಉಳಿದ ಇಪ್ಪತ್ತು ನಿಮಿಷದ ಮಾತು ಮುಗಿಸಿಯೇ ವೇದಿಕೆ ಇಳಿದ. ಸೇಠಜಿಗಳ ದಲ್ಲಾಳಿ ಸಾಯುವ ತನಕ ಬಾಡಿಗೆಯ ಮೂರು ಖೋಲಿಯ ಮನೆಯಲ್ಲೇ ಇದ್ದ.

ಬಂದ್ ಎಂದರಂತೂ ಅವನಿಗೆ ಮೈಯೆಲ್ಲ ಉರಿ. "ಊರು ಬಂದ್ ಮಾಡೂದಂದ್ರ ಬಡವನ ಹೊಟ್ಟಿ ಮ್ಯಾಲ ಕುಂತು ಜೈಕಾರ ಹಾಕೂದು," ಎನ್ನುತ್ತಿದ್ದ.

ಬಾಗಿಲ ಹೊರಗೆ ಒಬ್ಬ ಹೆಂಗಸು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ಸಂತೆಯ ಮೂಲೆಯಲ್ಲಿ ಸೊಪ್ಪು ಮಾರುವ ನಾಗೂಬಾಯಿ. ಜಯಸಿಂಗಪುರದ ಆಚೆಯಿಂದ ಟೆಂಪೋದಲ್ಲಿ ಬರುವವಳು.

"ಒಳಗ ಬಾ, ನಾಗೂಬಾಯಿ," ಎಂದಳು ಶೆವಂತಾ.

ನಾಗೂಬಾಯಿ ಬಂದು ತಾತೋಬಾನ ಕಾಲು ಮುಟ್ಟಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಹಂತ್ಯಾಕ ಬಂದು ತಾಸಗಟ್ಲೆ ಕುಂಡ್ರತಿದ್ರರಿ ಸರ. ಪಲ್ಯಾ ಒಂದ ಸೂಡು ಒಯ್ಯೂದು, ಪ್ರಶ್ನಿ ನೂರು ಕೇಳೂದು. ಎಷ್ಟಕ್ಕ ತಂದಿ, ಜಾಗಾಕ್ಕ ಎಷ್ಟ ಕೊಡ್ತಿ, ಆ ರೊಕ್ಕಾ ಇಸಗೊಳ್ಳಾಂವ ಯಾರು..."

ಆಮೇಲೆ ಹೋಗಲೂ ಇಲ್ಲ, ಕೂಡಲೂ ಇಲ್ಲ.

"ಪಲ್ಯಾ ತಂದಿಯೇನು ಇವತ್ತು?" ಶೆವಂತಾ ಕೇಳಿದಳು.

"ನಾ ಅದನ್ನ ಕೇಳಾಕ ಬಂದಿಲ್ರಿ, ಬಾಯಾರ. ದೇವರ ಆಣಿ."

"ತಂದಿಯೋ ಇಲ್ಲೋ?"

"ತಂದೇನ್ರಿ. ಎರಡ ಗಂಟ ಮೆಂತೇ ಪಲ್ಯಾ. ನಸುಕಿನ್ಯಾಗ ಕಿತ್ತದ್ದು. ಎಲ್ಲಾರೂ ತಂದಾರ. ಸಂಜೀತನಕ ಹಿಡದು ಕುಂತ್ರ ದನಾನೂ ಮೂಸೂದಿಲ್ಲ. ಇರ್ಲಿ ಬಿಡ್ರಿ. ಸರ ಏನು ದಿನಾ ಸಾಯ್ತಾರೇನು?"

*

ಮದುವೆಯಾದ ಹೊಸತರಲ್ಲಿ, ನೂಲದ ಮನೆಯ ಒಲೆಯ ಮುಂದೆ, ಅತ್ತೆ ರಾಯವ್ವ ರೊಟ್ಟಿ ಬಡಿಯುತ್ತ ಶೆವಂತಾಗೆ ಒಂದು ಸಂಗತಿ ಹೇಳಿದ್ದಳು.

ರಾಯವ್ವನ ಹಿರಿಯ ಮಗಳನ್ನು ಸಂಕೇಶ್ವರಕ್ಕೆ ಕೊಟ್ಟಿದ್ದರು. ನಡೆದರೆ ಅರ್ಧ ದಿನದ ದಾರಿ, ಆದರೆ ನಡುವೆ ಎರಡು ರಾಜ್ಯಗಳ ಗಡಿ. ಮಗಳ ಬಾಣಂತನ. ಆ ವರ್ಷ ಬೆಳೆ ಕೈಕೊಟ್ಟು ಬೀಗರ ಮನೆಯಲ್ಲಿ ಕಾಳಿರಲಿಲ್ಲ. ರಾಯವ್ವ ತನ್ನ ಹೊಲದ ಜೋಳವನ್ನು ಚೀಲದಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು, ಹನ್ನೊಂದು ವರ್ಷದ ತಾತೋಬಾನನ್ನು ಕರೆದುಕೊಂಡು ಹೊರಟಳು. ಗಡಿಯ ನಾಕಾದಲ್ಲಿ ತಡೆದರು. ಕಾಳು ಆಚೆ ಒಯ್ಯುವಂತಿಲ್ಲ, ಸರ್ಕಾರದ ಹುಕುಂ.

"ನಾ ಅಂದ್ಯಾ," ರಾಯವ್ವ ರೊಟ್ಟಿ ತಿರುವಿ ಹಾಕಿದಳು, "ಜ್ವಾಳಾ ನಂದು. ಮಗಳು ನನ್ನಾಕಿ. ನಡುವ ನೀ ಯಾರೋ? ಅಂವ ಏನೂ ಅನ್ನಲಿಲ್ಲ ನೋಡು. ಚೀಲಾ ಕಸಗೊಂಡು ಅಲ್ಲೇ ಒಂದ ರಾಶಿ ಇತ್ತು, ಅದರಾಗ ಸುರದ."

"ಆಮ್ಯಾಲ, ಅತ್ತಿ?"

"ಆಮ್ಯಾಲೇನು. ಮನಿಗಿ ಬಂದು ಮತ್ತ ಚೀಲಾ ಕಟ್ಟಿದ್ಯಾ. ಮರುದಿನ ನಾಕಾದಾಗ ಹೋಗಲಿಲ್ಲ, ಹಿರಣ್ಯಕೇಶಿ ಹೊಳ್ಯಾಗ ಇಳದ್ಯಾ. ಎದಿಮಟಾ ನೀರು. ಮಗಳಿಗಿ ಅಂಬಲಿ ಕುಡಿಸೇ ಬಂದ್ಯಾ."

ತಾತೋಬಾ ತನ್ನ ಮೊದಲ ಪುಸ್ತಕವನ್ನು ಶುರುಮಾಡಿದ್ದೇ ಆ ನಾಕಾದಿಂದ. ಹೆಸರು 'ನಡುವೆ ನೀನ್ಯಾರು?' ಪ್ರಕಾಶಕರು ಯಾರೂ ಮುಟ್ಟಲಿಲ್ಲ. ಪಗಾರ ಉಳಿಸಿ ಗಡಹಿಂಗ್ಲಜದ ಒಂದು ಸಣ್ಣ ಛಾಪಖಾನೆಯಲ್ಲಿ ಐದು ನೂರು ಪ್ರತಿ ಹೊಡೆಸಿದ. ಅದರಲ್ಲಿ ಮುನ್ನೂರು ಪ್ರತಿ ವರ್ಷಗಟ್ಟಲೆ ಮಂಚದ ಕೆಳಗೇ ಇದ್ದವು. ಓದಲು ಬಾರದ ರಾಯವ್ವ ಮಾತ್ರ ಮನೆಗೆ ಬಂದವರಿಗೆಲ್ಲ ಪುಸ್ತಕ ತೋರಿಸಿ, "ಈ ಮಾತು ನಂದು," ಎನ್ನುತ್ತಿದ್ದಳು.

*

ಚಟ್ಟ ಕಟ್ಟಿ ಮುಗಿಯುವ ಹೊತ್ತಿಗೆ ದಾದಾಸಾಹೇಬ ಬಂದ. ಪೇಟೆ ಸಮಿತಿಯ ಅಧ್ಯಕ್ಷ. ಒಂದು ಕಾಲಕ್ಕೆ ತಾತೋಬಾನ ವಿದ್ಯಾರ್ಥಿ. ಕಣ್ಣು ನಿಜವಾಗಿಯೂ ತುಂಬಿದ್ದವು. ಹಿಂದೆ ಹೆಣ ಒಯ್ಯಲು ಹೂವು ಕಟ್ಟಿ ತಂದ ಲಾರಿ, ಕ್ಯಾಮರಾ ಹಿಡಿದ ಇಬ್ಬರು.

"ವಹಿನಿ, ಸರ ನನ್ನ ವಿರುದ್ಧ ಆರು ಲೇಖನಾ ಬರದ್ರು. ಒಂದನ್ನೂ ನಾ ಮನಸಿಗಿ ಹಚಗೊಂಡಿಲ್ಲ," ಎಂದು ಶೆವಂತಾಗೆ ಹೇಳಿದ. "ಇವತ್ತ ನೋಡ್ರಿ, ಇಡೀ ಊರು ಬಂದ್. ನಮ್ಮ ಅಪ್ಪ ಸತ್ತಾಗೂ ಅರ್ಧಾ ದಿನಾನ ಇತ್ತು."

ನೆಲ ನೋಡುತ್ತ ಕೂತಿದ್ದ ಶೆವಂತಾ ತಲೆ ಎತ್ತಿದಳು. "ಪ್ಯಾಟಿ ತಗೀರಿ, ದಾದಾಸಾಹೇಬ."

"ಏನಂದ್ರಿ?"

"ಪ್ಯಾಟಿ ತಗೀರಿ. ಅವರು ಬಂದ್ ಅನ್ನೂದಕ್ಕ ಜೀವಾ ಇರೂತನಕ ಬೈದಾರ. ಅವರ ಹೆಣದ ಹೆಸರಿಲೆ ನೀವು ಬಂದ್ ಮಾಡಬ್ಯಾಡ್ರಿ."

"ಅದು ಸರ್ಕಾರದ ಬಂದ್‌ಗೆ, ಪಾರ್ಟಿ ಬಂದ್‌ಗೆ ಬೈತಿದ್ರು ವಹಿನಿ. ಇದು ಗೌರವದ್ದು."

"ನಾಗೂಬಾಯಿ ಪಲ್ಯಾಕ್ಕ ಗೊತ್ತಾಗತೈತೇನು, ಇದು ಗೌರವದ ಬಂದ್ ಅಂತ?"

ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ದಾದಾಸಾಹೇಬ ಧ್ವನಿ ತಗ್ಗಿಸಿದ. "ಜೀಪು ಊರೆಲ್ಲಾ ತಿರಿಗೇತಿ, ವಹಿನಿ. ಪೇಪರದಾವ್ರಿಗಿ ಹೇಳೇನಿ. ಈಗ ಹಿಂದ ತಗೊಂಡ್ರ ನನ್ನ ಮರ್ಯಾದಿ ಏನು ಉಳೀತದ?"

"ಅವರ ಮರ್ಯಾದಿ?"

ಅಷ್ಟು ಹೇಳಿ ಶೆವಂತಾ ಎದ್ದಳು. ಚಟ್ಟದ ತಲೆಯ ಕಡೆಗೆ ಹೋಗಿ, ಬಿದಿರಿನ ಮೇಲೆ ಕೈಯಿಟ್ಟು ನೆಲದ ಮೇಲೆ ಕೂತುಬಿಟ್ಟಳು. "ಪ್ಯಾಟಿ ತಗಿಯೂತನಕ ಹೆಣಾ ಏಳೂದಿಲ್ಲ."

ಹತ್ತು ಹೊಡೆಯಿತು, ಹನ್ನೊಂದಾಯಿತು. ಬಿಸಿಲು ಅಂಗಳಕ್ಕೆ ಇಳಿಯಿತು. ಹಿರಿಯರು ಬಂದು ಹೇಳಿದರು, ಓಣಿಯ ಮುದುಕಿಯರು ಬಂದು ಹೇಳಿದರು. "ಹಿಂಗ ಮಾಡಬಾರದು ಶೆವಂತಾ, ಸತ್ತಾವ್ರಿಗಿ ಶಾಂತಿ ಸಿಗೂದಿಲ್ಲ." ಅವಳು, "ಬದುಕಿದ್ದಾಗೂ ಅವರಿಗಿ ಶಾಂತಿ ಬೇಕಾಗಿರಲಿಲ್ಲ," ಎಂದಳು. ಮೋನಾಲಿ ಬಂದು ಅವ್ವನ ಪಕ್ಕಕ್ಕೆ ಕೂತು, ಚಟ್ಟದ ಇನ್ನೊಂದು ಬಿದಿರು ಹಿಡಿದಳು.

"ಆಕಿ ತಮ್ಮನ್ನ ಕರೀರಿ," ಎಂದರು ಯಾರೋ. "ಲಖನ್ ಹೇಳಿದ್ರ ಕೇಳಬಹುದು."

ಓಣಿಯ ಹೊರಗೆ ಬೇವಿನ ಮರಕ್ಕೆ ಒರಗಿ ಲಖನ್ ಬೆಳಗಿನಿಂದಲೂ ನಿಂತಿದ್ದ. ಹನ್ನೊಂದು ವರ್ಷದಿಂದ ಅವನು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ.

*

ಲಖನ್‌ನವು ಆಗ ನಾಲ್ಕು ವಿದ್ಯುತ್ ಮಗ್ಗ. ಅಪ್ಪ ವಿಜಯಪುರದ ಕಡೆಯಿಂದ ಬಂದು, ಇನ್ನೊಬ್ಬರ ಮಗ್ಗಗಳ ಮೇಲೆ ದುಡಿದು ದುಡಿದು, ಕೊನೆಗಾಲಕ್ಕೆ ಮಾಡಿಟ್ಟಿದ್ದು. ಒಂದು ವರ್ಷ ಬಟ್ಟೆಯ ಧಾರಣೆ ಕುಸಿಯಿತು. ಕರೆಂಟಿನ ಸಬ್ಸಿಡಿ ಹೆಚ್ಚಿಸಿರೆಂದು ಮಗ್ಗದವರೆಲ್ಲ ರಸ್ತೆಗಿಳಿದರು. ಅದೇ ವಾರ ತಾತೋಬಾ ಸಬ್ಸಿಡಿಯೇ ಬೇಡವೆಂದು ಬರೆಯಲು ಕೂತ.

"ಇದನ್ನೊಂದು ಬರೀಬ್ಯಾಡ್ರಿ," ಎಂದಿದ್ದಳು ಶೆವಂತಾ. "ನನ್ನ ತವರ ಮನೀದು ಪ್ರಶ್ನಿ ಐತಿ."

"ಸಬ್ಸಿಡಿ ಅನ್ನೂದು ನೋವಿಗಿ ಗುಳಗಿ ಇದ್ದಂಗ. ಹಳೇ ಮಗ್ಗಾ ಹಂಗ ಉಳೀತಾವು, ಹತ್ತ ವರ್ಷದ ಮ್ಯಾಲ ಒಮ್ಮೆಲೇ ಮುಳಗತಾವು."

"ನಾ ಮಗ್ಗದ ಮಾತಾಡವಲ್ಲೆ. ನನ್ನ ತಮ್ಮನ ಮಾತು ಆಡಾಕತ್ತೇನಿ."

ಅವನು ಕಾಗದದಿಂದ ತಲೆ ಎತ್ತಿದ. "ಮಂದಿ ತಮ್ಮಗೋಳ ಮ್ಯಾಲ ಇಷ್ಟು ವರ್ಷ ಬರದೇನಿ, ಶೆವಂತಾ. ನಿನ್ನ ತಮ್ಮ ಬಂದಕೂಡ್ಲೇ ಪೆನ್ನು ಮುಚ್ಚಿದ್ರ, ಹಿಂದ ಬರದದ್ದೆಲ್ಲಾ ಸುಳ್ಳಾಗತೈತಿ."

ನಾಲ್ಕು ದಿನ ಅವಳು ಗಂಡನೊಂದಿಗೆ ಮಾತಾಡಲಿಲ್ಲ. ಐದನೆಯ ದಿನ ಲೇಖನ ಬಂತು. ಅವನು ಪೇಪರನ್ನು ಅಡಗಿಸಿಡಲಿಲ್ಲ, ತಾನೇ ತಂದು ಅವಳ ಮುಂದಿಟ್ಟ. ಸರ್ಕಾರದಲ್ಲಿ ಅದನ್ನು ಓದಿದವರು ಯಾರೂ ಇದ್ದಂತಿರಲಿಲ್ಲ. ಸಬ್ಸಿಡಿ ನಿಲ್ಲಲೂ ಇಲ್ಲ, ಏರಲೂ ಇಲ್ಲ. ಲಖನ್ ಓದಿದ. ಆ ದೀಪಾವಳಿಯೊಳಗೆ ಎರಡು ಮಗ್ಗ ಮೋಡಕಿಗೆ ಹೋದವು, ಕಬ್ಬಿಣದ ತೂಕಕ್ಕೆ. ಅಂದಿನಿಂದ ಪಂಚಮಿಗೆ ಶೆವಂತಾ ಒಬ್ಬಳೇ ತವರಿಗೆ ಹೋಗಿ ಬರುತ್ತಿದ್ದಳು.

ಗಂಡ ಹೇಳಿದ್ದು ಸರಿಯೋ ತಪ್ಪೋ ಅವಳಿಗೆ ಇವತ್ತಿಗೂ ಗೊತ್ತಿರಲಿಲ್ಲ. ಯಾರಿಗೂ ಹೆದರಿ ಹೇಳಿದ್ದಲ್ಲ, ಯಾರಿಗೂ ಬೇಕೆಂದು ಹೇಳಿದ್ದೂ ಅಲ್ಲ ಎಂಬುದಷ್ಟು ಗೊತ್ತಿತ್ತು.

*

ಲಖನ್ ಬಂದು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತ. ಕೂದಲಿಗೆ, ಹುಬ್ಬಿಗೆ ಹತ್ತಿಯ ಧೂಳು ಅಂಟಿತ್ತು. ರಾತ್ರಿಪಾಳಿ ಮುಗಿಸಿ ನೇರ ಬಂದವನು.

"ಅಕ್ಕಾ, ದಾಜಿ ಬರದದ್ದು ತಪ್ಪ. ಅವತ್ತೂ ಅಂದಿದ್ಯಾ, ಇವತ್ತೂ ಅಂತೇನಿ."

"ಅನ್ನು," ಎಂದಳು ಶೆವಂತಾ. "ಜೋರಲೆ ಅನ್ನು. ದವಾಖಾನಿ ಸೇರಿದಾಗಿಂದ ಅವರ ಕೂಡ ಯಾರೂ ವಾದಾ ಮಾಡಿಲ್ಲ. ಅದಕ್ಕ ಸೊರಗಿ ಹೋದ್ರು."

ಲಖನ್ ಭಾವನ ಮುಖದ ಕಡೆಗೆ ತಿರುಗಿದ. "ಬಂದು ಜಗಳಾನರೆ ಮಾಡಬೇಕಾಗಿತ್ತು ನಾ," ಎಂದ. ಆಮೇಲೆ ಮೊಣಕಾಲು ಹಿಡಿದು ಎದ್ದು, ದಾದಾಸಾಹೇಬನ ಎದುರಿಗೆ ಹೋಗಿ ನಿಂತ.

"ಅಕ್ಕ ಹೇಳಿದ್ದು ಕೇಳಸಲಿಲ್ಲೇನ್ರಿ? ಪ್ಯಾಟಿ ತಗೀರಿ."

"ಲಖನ್, ನೀನೂನಾ? ನಿನ್ನ ಮಗ್ಗಾ ಮುಳಗಿಸಿದಾಂವ..."

"ನನ್ನ ಮಗ್ಗಾ, ನನ್ನ ದಾಜಿ. ಅದು ನಮ್ಮ ಮನೀ ಜಗಳಾ. ನನ್ನ ಉಳದ ಎರಡ ಮಗ್ಗಾ ಈಗ ನಡದಾವ, ಕೇಳ್ರಿ ಬೇಕಾದ್ರ. ನಿಮ್ಮ ಜೀಪು ಬಂದಾಗೂ ಬಂದ್ ಮಾಡಿಸಲಿಲ್ಲ."

ಗುಂಪಿನಲ್ಲಿ ಯಾರೋ, "ತಗೀರಿ!" ಎಂದರು. ಬಾಗಿಲ ಹೊರಗೆ ನಾಗೂಬಾಯಿಯ ಬೆನ್ನಿಗೆ ನಿಂತಿದ್ದ ಸಂತೆಯ ಹೆಂಗಸರೂ ಅಂದರು. ಅಳುವಿನ ಮನೆಯಲ್ಲಿ ಆಡಬಾರದಷ್ಟು ದೊಡ್ಡ ಧ್ವನಿಯಲ್ಲಿ ಅಂದರು. ಕ್ಯಾಮರಾದವರು ಆ ಕಡೆ ತಿರುಗಿದರು. ದಾದಾಸಾಹೇಬ ಕ್ಯಾಮರಾ ನೋಡಿದ, ಹೆಂಗಸರನ್ನು ನೋಡಿದ, ಕೊನೆಗೆ ಗುರುವಿನ ಮುಚ್ಚಿದ ಕಣ್ಣುಗಳನ್ನು ನೋಡಿದ.

"ಸತ್ತ ಮ್ಯಾಲೂ ನಮ್ಮನ್ನ ಬಿಡವಲ್ರು ಈ ಸರ," ಎನ್ನುತ್ತ ಫೋನು ತೆಗೆದ.

ಅರ್ಧ ತಾಸಿನಲ್ಲಿ ಅದೇ ಜೀಪು ಅದೇ ಓಣಿಗೆ ಬಂತು. ಭೋಂಗಾದಲ್ಲಿ ಈ ಸಲ ಹೊಗಳಿಕೆ ಇರಲಿಲ್ಲ. "ನೂಲಿ ಸರ ಅವರ ಮನಿಯಾವರ ಇಚ್ಛಾದ ಪ್ರಕಾರ ಪ್ಯಾಟಿ ಚಾಲೂ. ಸಂತಿ ಚಾಲೂ."

ಶೆವಂತಾ ಬಿದಿರಿನ ಮೇಲಿನ ಕೈ ತೆಗೆದಳು.

ಹೂವಿನ ಲಾರಿ ಖಾಲಿ ಹೋಯಿತು. ಹೆಗಲ ಮೇಲೆ ಹೊತ್ತು, ಸಂತೆಯ ನಡುವಿನಿಂದಲೇ ಪಂಚಗಂಗೆಯ ದಂಡೆಗೆ ಹೊರಟರು. ಮುಂದಿನ ಹೆಗಲು ಲಖನ್‌ನದು, ಇನ್ನೊಂದು ಮೋನಾಲಿಯದು. ಹೆಂಗಸರು ನಿಲ್ಲಬೇಕಾದ ಓಣಿಯ ತಿರುವಿನಲ್ಲಿ ಯಾರೂ ನಿಲ್ಲಲಿಲ್ಲ. ಶೆವಂತಾ ನಿಲ್ಲದ್ದರಿಂದ ಉಳಿದವರೂ ನಡೆದರು.

ಸಂತೆ ಮಡಿಕೆ ಬಿಚ್ಚಿದ ಬಟ್ಟೆಯಂತೆ ಆಗಷ್ಟೇ ಹರಡಿಕೊಳ್ಳುತ್ತಿತ್ತು. ಟೊಮೆಟೊ ಬುಟ್ಟಿ ಮಗುಚುತ್ತಿದ್ದರು, ತಕ್ಕಡಿಗೆ ಕಲ್ಲು ಹಾಕುತ್ತಿದ್ದರು. ಚಟ್ಟ ಹತ್ತಿರ ಬಂದಲ್ಲೆಲ್ಲ ಕೂಗು ನಿಂತು, ಕೈಗಳು ಜೋಡಿಸಿಕೊಂಡವು. ಚಟ್ಟ ದಾಟಿದ ಕೂಡಲೇ ಹಿಂದೆ ಮತ್ತೆ ಕೂಗು ಏಳುತ್ತಿತ್ತು. ಒಬ್ಬ ಉಳ್ಳಾಗಡ್ಡಿಯವನು ಕಣ್ಣೊರೆಸಿಕೊಳ್ಳುತ್ತಲೇ, "ತೀಸಲಾ ಕಿಲೋ! ಮೂವತ್ತಕ್ಕ ಕಿಲೋ!" ಎಂದು ಕಿರುಚಿದ. ಲಖನ್ ಹೆಗಲು ಬದಲಿಸುತ್ತ ನಕ್ಕನೋ ಅತ್ತನೋ ತಿಳಿಯಲಿಲ್ಲ.

ಸಂತೆಯ ಕೊನೆಯ ಮೂಲೆಯಲ್ಲಿ ಶೆವಂತಾಳ ಕಾಲು ಸೋತವು. ಮೋನಾಲಿ ತಿರುಗಿ ನೋಡಿದಾಗ, ಹೋಗು ಎಂದು ಕೈಮಾಡಿದಳು. ನಾಗೂಬಾಯಿ ತನ್ನ ರಾಶಿಯ ಹಿಂದೆ ಗೋಣಿಚೀಲ ಹಾಸಿ ಅವಳನ್ನು ಕೂರಿಸಿ, "ನಾ ನದೀತನಕ ಹೋಗಿ ಬರ್ತೇನ್ರಿ, ಬಾಯಾರ. ಸರಗ ಒಂದ ಹಿಡಿ ಮಣ್ಣ ಹಾಕ್ತೇನಿ," ಎಂದವಳೇ ಚಟ್ಟದ ಹಿಂದೆ ಓಡಿದಳು.

ಗುಂಪು ತಿರುವಿನಲ್ಲಿ ಮರೆಯಾಯಿತು. ಕೈಯಲ್ಲಿ ಚೀಲ ಹಿಡಿದ ಒಬ್ಬ ತರುಣಿ ಮೆಂತೆಯ ರಾಶಿಯ ಮುಂದೆ ಬಂದು ಬಗ್ಗಿದಳು.

"ಮೇಥೀ ಕಶೀ ದಿಲೀ, ಮಾವಶೀ?"

ಶೆವಂತಾ ಆಚೆ ಈಚೆ ನೋಡಿದಳು. ಬೇರೆ ಯಾರೂ ಇರಲಿಲ್ಲ.

"ಹದಿನೈದಕ್ಕ ಒಂದ ಸೂಡು."

"ದಹಾಲಾ ದ್ಯಾ ಕೀ."

"ಹತ್ತಕ್ಕ ಆಗೂದಿಲ್ಲವ್ವಾ. ನಸುಕಿನ್ಯಾಗ ಕಿತ್ತದ್ದೈತಿ, ನೋಡು." ಒಂದು ಸೂಡನ್ನು ಎತ್ತಿ ನೀರು ಕೊಡವಿದಳು. ಬೆಳಗಿನ ಗದ್ದಲದಲ್ಲಿ ಒಡೆಯಲು ಯಾರಿಗೂ ನೆನಪಾಗದ ಹಸಿರು ಬಳೆಗಳು ಮುಂಗೈಯಿಂದ ಮೊಣಕೈಗೆ ಜಾರಿ ಗಲ್ಲೆಂದವು.