ಒಂದೇ ತೊಗಟೆ

ಕಸಿ ಗಿಡ ನೆಟ್ಟ ಮೂರು ತಿಂಗಳಿಗೆ ಅದರ ಕಾಂಡಕ್ಕೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಬೇಕು. ಬಿಚ್ಚದಿದ್ದರೆ ಗಿಡ ದಪ್ಪವಾಗುತ್ತಾ ಹೋದಂತೆ ಅದೇ ಪಟ್ಟಿ ಕುತ್ತಿಗೆಗೆ ಹಗ್ಗವಾಗುತ್ತದೆ. ಗಿಡ ಮಾರಿದವರು ಇದಕ್ಕೆಂದು ಬರುವುದಿಲ್ಲ, ಕೊಂಡವರಿಗೆ ಗೊತ್ತೇ ಇರುವುದಿಲ್ಲ. ಮುನಿಲಕ್ಷ್ಮಮ್ಮ ಮಾತ್ರ ತಪ್ಪದೆ ಬರುತ್ತಿದ್ದಳು.

ಮೂವತ್ತು ವರ್ಷ ನರ್ಸರಿಯಲ್ಲಿ ಕಸಿ ಕಟ್ಟಿದ ಕೈ ಅವಳದು. ಮಂಡಿ ಹೋದ ಮೇಲೆ ನೆಲದಲ್ಲಿ ಕೂರುವ ಕೆಲಸ ಬಿಟ್ಟು, ಯಾರ ಹಿತ್ತಲಿಗೆ ಯಾವ ತಳಿ ಹೊಂದುತ್ತದೆ ಎಂದು ಹೇಳುವುದನ್ನೇ ಕಸುಬು ಮಾಡಿಕೊಂಡಿದ್ದಳು. ಜೆ.ಪಿ. ನಗರ, ಬನಶಂಕರಿ ಕಡೆ ಸ್ವಲ್ಪ ಹಿತ್ತಲು ಉಳಿಸಿಕೊಂಡ ಮನೆಗಳವರು 'ಲಕ್ಷ್ಮಮ್ಮ ಹೇಳಿದ ಗಿಡ' ಅಂದರೆ ಎರಡನೇ ಮಾತು ಆಡುತ್ತಿರಲಿಲ್ಲ. ಆ ಮಾತೇ ಅವಳ ಅನ್ನ.

ವಾರಿಜಾ ಅವರ ಮನೆಯ ಹಿತ್ತಲು ಇಪ್ಪತ್ತಡಿಗೆ ಮೂವತ್ತಡಿ. ಅಷ್ಟು ಜಾಗಕ್ಕೆ ತಳಿ ಆರಿಸಲು ಮೂರು ವಾರ ಹಿಡಿದಿತ್ತು. ವಾರಿಜಾಗೆ ತವರಲ್ಲಿ ತಿಂದ ಮಲಗೋವಾನೇ ಆಗಬೇಕು. ಬ್ಯಾಂಕಿನಿಂದ ನಿವೃತ್ತರಾದ ಅವರ ಗಂಡ ಜಯಸಿಂಹರಿಗೆ ಮೊಬೈಲಿನಲ್ಲಿ ಕಂಡದ್ದೆಲ್ಲ ಬೇಕು. ಒಂದು ದಿನ ಜಪಾನಿನ ಕೆಂಪು ಮಾವು, ಮರುದಿನ ಬೆಣ್ಣೆಹಣ್ಣು.

"ಮೇಡಂ, ಮಲಗೋವಾ ಆನೆ ಇದ್ದಂಗೆ. ಅದು ನಿಮ್ ಹಿತ್ಲಲ್ಲಿ ನಿಂತ್ರೆ ನೀವು ರೋಡಲ್ಲಿ ಮಲಗ್ಬೇಕಾಗುತ್ತೆ," ಎಂದು ಅವಳು ನಗಿಸಿ, ಕೊನೆಗೆ ಒಂದು ರಸಪುರಿ, ಒಂದು ಮಲ್ಲಿಕಾ, ಒಂದು ಆಮ್ರಪಾಲಿಗೆ ಒಪ್ಪಿಸಿದ್ದಳು. ತುದಿ ಚಿವುಟುತ್ತಾ ಬಂದರೆ ಮೂರೂ ಕೈಗೆಟಕುವ ಎತ್ತರದಲ್ಲಿ ನಿಲ್ಲುತ್ತವೆ. ಗಿಡ ಬಂದದ್ದು ಬೇಗೂರಿನ ಭೀಮರಾಯನ ನರ್ಸರಿಯಿಂದ. ಯಾದಗಿರಿ ಕಡೆಯಿಂದ ಬಂದವನಿಗೆ ಕಸಿ ಚಾಕು ಹಿಡಿಯುವುದನ್ನು ಕಲಿಸಿದವಳೇ ಅವಳು. ಪ್ರತಿ ಸಲವೂ ತಾನೇ ಹೋಗಿ ಒಂದೊಂದು ಗಿಡವನ್ನೂ ತಿರುಗಿಸಿ ನೋಡಿ ತರುತ್ತಿದ್ದಳು. ಈ ವರ್ಷ ಮಂಡಿ ಊದಿಕೊಂಡು, "ನೀನೇ ನೋಡಿ ಕಳಿಸಪ್ಪ" ಎಂದುಬಿಟ್ಟಿದ್ದಳು.

ಇವತ್ತು ಪಟ್ಟಿ ಬಿಚ್ಚುವ ದಿನ. ಭೀಮರಾಯನೂ ಗೊಬ್ಬರದ ಮೂಟೆ ಇಳಿಸಲು ಟೆಂಪೋ ತಂದಿದ್ದ. ಮುನಿಲಕ್ಷ್ಮಮ್ಮ ಬಕೆಟ್ ಬೋರಲು ಹಾಕಿ ಕೂತು, ರಸಪುರಿ ಗಿಡದ ಪಟ್ಟಿಯನ್ನು ಬ್ಲೇಡಿನಿಂದ ಸೀಳಿದಳು. ಒಳಗೆ ಮಳೆನೀರು ನಿಂತು ಕೊಳೆತು ಕಪ್ಪು ಲೋಳೆಯಾಗಿತ್ತು. ಚರಂಡಿಯ ನಾತ ಹೊಡೆಯಿತು. ಹೆಬ್ಬೆರಳಿನಿಂದ ಲೋಳೆ ಒರೆಸಿದಳು. ಎರಡು ಗಿಡ ಕೂಡಿದ ಜಾಗದಲ್ಲಿ ಓರೆಯಾದ ಗಾಯದ ಗುರುತಿರಬೇಕು. ಕೆಳಗಿನ ತೊಗಟೆಗೊಂದು ಬಣ್ಣ, ಮೇಲಿನದಕ್ಕೆ ಇನ್ನೊಂದು ಬಣ್ಣ ಇರಬೇಕು. ಇಲ್ಲಿ ಬುಡದಿಂದ ತುದಿಯವರೆಗೆ ಒಂದೇ ತೊಗಟೆ. ಒಂದು ಕಡೆ ಚಾಕುವಿನಿಂದ ಗೀರಿದ ಗೆರೆ, ಅಷ್ಟೆ.

ಎರಡನೆಯದನ್ನು ಸೀಳಿದಳು. ಮೂರನೆಯದನ್ನೂ ಸೀಳಿದಳು. ಅವೂ ಹಾಗೇ.

ಜ್ಯೂಸ್ ಅಂಗಡಿಯವರು ಹಿಂದುಗಡೆ ಸುರಿಯುವ ಮಾವಿನ ಓಟೆಯ ರಾಶಿ, ಅದರ ಮೇಲೆ ಮುತ್ತುವ ನೊಣ ಅವಳ ಕಣ್ಣಮುಂದೆ ಬಂತು. ಆ ರಾಶಿಯಿಂದ ಎದ್ದ ಸಸಿಗೆ ಗೀರು ಹಾಕಿ, ಪಟ್ಟಿ ಸುತ್ತಿ, ತಳಿಯ ಚೀಟಿ ಕಟ್ಟಿ ಕಳಿಸಿದ್ದಾನೆ ಭೀಮ.

"ಭೀಮಾ, ಬಾರೋ ಇಲ್ಲಿ. ಇದೇನೋ?"

ಅವನು ಬಗ್ಗಿ ನೋಡುವ ಗೋಜಿಗೂ ಹೋಗಲಿಲ್ಲ. "ಅಕ್ಕಾ, ಈ ವರ್ಷ ಆರ್ಡರ್ ಭಾಳ ಬಂದ್ವು. ಕಸಿಗೆ ತಳಿ ಮರದ ಕಡ್ಡಿ ಸಾಲಲಿಲ್ಲ. ಜನಕ್ಕ ಟೇಪ್ ಕಂಡ್ರ ಸಾಕು."

"ಟೇಪಲ್ಲಿ ಹಣ್ಣು ಬಿಡುತ್ತೇನೋ?"

"ಹಣ್ಣು ಬಿಡೋದು ಎಂಟು ವರ್ಷಕ್ಕ. ಅಷ್ಟೊತ್ತಿಗೆ ಇವ್ರು ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಿಸಿರ್ತಾರ," ಎಂದು ಅವನು ದನಿ ತಗ್ಗಿಸಿ ಹಲ್ಲು ಕಿರಿದ. "ನಿನ್ ಹೆಸರು ಹೇಳಿದ್ರ ಒಬ್ರೂ ಗಿಡ ತಿರುಗಿಸಿ ನೋಡಂಗಿಲ್ಲ ಅಕ್ಕಾ."

ಪಾನ್ ಮಸಾಲಾದಿಂದ ಕೆಂಪಾದ ಆ ಹಲ್ಲು ನೋಡಲಾಗದೆ ಅವಳು ಮುಖ ತಿರುಗಿಸಿದಳು. ಈ ಬಾಯಿಗೆ ಎಷ್ಟು ದಿನ ತನ್ನ ಬುತ್ತಿಯಿಂದ ಮುದ್ದೆ ಮುರಿದು ಕೊಟ್ಟಿದ್ದಳೋ.

ಹಿತ್ತಲ ಬಾಗಿಲಲ್ಲಿ ವಾರಿಜಾ ಕಾಫಿ ಲೋಟ ಹಿಡಿದು ನಿಂತಿದ್ದರು, ಹಿಂದೆ ಜಯಸಿಂಹ. ಇಬ್ಬರಿಗೂ ಅಷ್ಟಿಷ್ಟು ಕೇಳಿಸಿತ್ತು. ಮುನಿಲಕ್ಷ್ಮಮ್ಮ ಮುಚ್ಚುಮರೆ ಮಾಡಲಿಲ್ಲ. "ಮೇಡಂ, ಇವು ಕಸಿ ಗಿಡ ಅಲ್ಲ. ಬರೀ ಓಟೆ ಗಿಡ."

"ಹಾಗಾದ್ರೆ ರಸಪುರಿ ಯಾವ್ದು?"

"ಯಾವ್ದೂ ಅಲ್ಲ. ಹುಳಿ ಬರ್ಬೋದು, ನಾರು ಬರ್ಬೋದು. ಬರ್ದೇನೂ ಇರ್ಬೋದು."

ವಾರಿಜಾ ಅವರ ಮುಖ ಚಿಕ್ಕದಾಯಿತು. ಜಯಸಿಂಹ ಮಾತ್ರ ಬೇಗ ಚೇತರಿಸಿಕೊಂಡರು. ಗಿಡಗಳ ಬುಡದಲ್ಲಿ ಮೂರು ಹೊಳೆಯುವ ಗ್ರಾನೈಟ್ ಚೂರುಗಳಿದ್ದವು. ಒಂದೊಂದರ ಮೇಲೂ ತಳಿಯ ಹೆಸರು ಕೆತ್ತಿಸಿ, ಸಿಮೆಂಟ್ ಹಾಕಿ ಕೂರಿಸಿದ್ದರು.

"ನೋಡಿ ಲಕ್ಷ್ಮಮ್ಮ," ಅವರು ಹತ್ತಿರ ಬಂದು ಪಿಸುಗುಟ್ಟಿದರು, "ಭಾನುವಾರ ನಮ್ ವಾಕಿಂಗ್ ಗ್ರೂಪಿನೋರು ಗಾರ್ಡನ್ ನೋಡೋಕೆ ಬರ್ತಿದಾರೆ. ಫೋಟೋ ಎಲ್ಲಾ ಹಾಕ್ಬಿಟ್ಟಿದೀನಿ. ಎಲೆ ನೋಡಿ ತಳಿ ಹೇಳೋರು ಅವ್ರಲ್ಲಿ ಯಾರಿದಾರೆ? ನೀವೂ ಸುಮ್ನಿರಿ, ನಾವೂ ಸುಮ್ನಿರ್ತೀವಿ. ನಿಮ್ ಹೆಸರೂ ಉಳಿಯುತ್ತೆ."

"ಸಾರ್ ಹೇಳಿದ್ದ ಖರೆ ಅದ," ಎಂದ ಭೀಮರಾಯ, ಗೊಬ್ಬರದ ಮೂಟೆಗೆ ಒರಗಿಕೊಂಡು.

ಒಂದು ಗಳಿಗೆ ಮುನಿಲಕ್ಷ್ಮಮ್ಮನಿಗೂ ಆ ಮಾತು ಹಿತವಾಗಿ ಕೇಳಿಸಿತು. ಯಾರಿಗೆ ಗೊತ್ತಾಗುತ್ತದೆ? ಹೊಸ ಪಟ್ಟಿ ಸುತ್ತಿದರೆ ಮುಗಿಯಿತು. ಹಾಗೆ ಅನ್ನಿಸಿದ್ದೇ ತಡ, ತಿನ್ನುತ್ತಿದ್ದ ಹಣ್ಣಿನಲ್ಲಿ ಅರ್ಧ ಹುಳ ಕಂಡಂತಾಯಿತು. ಉಳಿದರ್ಧ ಎಲ್ಲಿ ಹೋಯಿತೆಂದು ಕೇಳಬೇಕಾಗಿಲ್ಲ. ಅವನ ಬಗ್ಗೆ ಹುಟ್ಟಿದ ಅಸಹ್ಯ ಈಗ ತನ್ನ ಬಗ್ಗೆಯೂ ಹುಟ್ಟಿತು. ಎದ್ದು ನಲ್ಲಿಯ ಹತ್ತಿರ ಹೋಗಿ ಬಟ್ಟೆ ಸೋಪಿನಿಂದ ಎರಡು ಸಲ ಕೈ ತೊಳೆದಳು. ನಾತ ಹೋಗಲಿಲ್ಲ.

"ಕಾಫಿ ತಗೊಳ್ಳಿ," ಎಂದರು ವಾರಿಜಾ.

"ಇವತ್ತು ಇಳಿಯಲ್ಲ ಮೇಡಂ." ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಗಿಡ ಕೀಳ್ಬೇಡಿ. ಬೇರು ಹಿಡ್ದಿದೆ, ಬೇರಿನ ತಪ್ಪೇನಿಲ್ಲ. ನಾನು ಹಣ್ಣು ತಿಂದು ನೋಡಿರೋ ಮರಗಳಿಂದ ಕಡ್ಡಿ ತಂದು, ಬರೋ ಶುಕ್ರವಾರ ನಾನೇ ಕಸಿ ಕಟ್ತೀನಿ. ಆದ್ರೆ ಇವನ್ನ ಮೊಳದುದ್ದಕ್ಕೆ ಕತ್ತರಿಸ್ಬೇಕಾಗುತ್ತೆ. ಭಾನುವಾರ ಬಂದೋರಿಗೆ ಬರೀ ಮೋಟು ಕಾಣ್ಸುತ್ತೆ."

"ಮೋಟಾ?" ಜಯಸಿಂಹರ ದನಿ ಏರಿತು.

"ರೀ, ನೀವು ಸುಮ್ನಿರಿ," ಎಂದರು ವಾರಿಜಾ. ಆಮೇಲೆ ಮುನಿಲಕ್ಷ್ಮಮ್ಮನತ್ತ ತಿರುಗಿ, "ನಿಮಗೆ ಕೂರಕ್ಕಾಗಲ್ವಲ್ಲ, ಮಂಡಿ?" ಎಂದು ಕೇಳಿದರು.

"ನೋಯ್ಲಿ. ಹೋದ ಸಲ ಮಂಡಿಗೆ ಸುಖ ಕೊಟ್ಟಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು."

ಭೀಮರಾಯ ಗೇಟಿನವರೆಗೂ ಅವಳ ಹಿಂದೆ ಬಂದ. "ಅಕ್ಕಾ, ಶುಕ್ರವಾರ ನಾನೇ ಕಟ್ಟಿಕೊಡ್ತೀನಿ ಬಿಡು. ಮನಿಗೆ ಬಿಡ್ಲೇನು, ಟೆಂಪೋ ಹತ್ತು."

"ಈ ವರ್ಷ ನನ್ ಹೆಸರಲ್ಲಿ ಎಷ್ಟ್ ಮನೆಗೆ ಕಳಿಸ್ದೆ?"

ಅವನು ತಲೆ ಕೆರೆದುಕೊಂಡ. "ಹನ್ನೊಂದು."

"ಹನ್ನೊಂದೂ ಇಂಥವೇನಾ?"

ಅವನು ಟೆಂಪೋ ಬಾಗಿಲು ತೆಗೆದು ಹಿಡಿದ. ಅವಳು ಚಪ್ಪಲಿ ಮೆಟ್ಟಿ ಮನೆಯ ಕಡೆ ತಿರುಗದೆ ಎಡಕ್ಕೆ ನಡೆದದ್ದು ಕಂಡು ಅವನಿಗೆ ಭಯವಾಯಿತು. "ಅಕ್ಕಾ, ಎಲ್ಲಾರ್ ಮನೀಗೂ ಹೋಗಿ ಹೇಳ್ತಿ ಏನು? ನಾನೂ ಹಾಳಾಗ್ತೀನಿ, ನೀನೂ ಹಾಳಾಗ್ತಿ!"

ಅವಳು ನಡೆಯುತ್ತಲೇ ಇದ್ದಳು. ಹಿಂದಿನ ಕ್ರಾಸಿನಲ್ಲಿ ಪರಮಶಿವಯ್ಯನವರ ಮನೆ, ಆ ಹನ್ನೊಂದರಲ್ಲೊಂದು. ಅವರ ಹಿತ್ತಲಿಗೆ ಎರಡು ಬಾದಾಮಿ ಮಾವು ಹೇಳಿದ್ದಳು. ಮಂಡಿ ಚುಚ್ಚುತ್ತಿತ್ತು. ಬೆಲ್ ಒತ್ತಿದಳು.

ಪರಮಶಿವಯ್ಯ ವಿಭೂತಿ ಹಣೆಯಲ್ಲಿ ನಗುತ್ತಾ ಬಾಗಿಲು ತೆಗೆದರು. "ಬನ್ನಿ ಬನ್ನಿ, ಗಿಡ ಹೊಸ ಚಿಗುರು ಬಿಟ್ಟಿದೆ. ನಿಮ್ ಕೈಗುಣವೇ ಕೈಗುಣ!"

"ಇಲ್ಲೇ ನಿಂತಿರ್ತೀನಿ ಸಾರ್," ಎಂದಳು ಮುನಿಲಕ್ಷ್ಮಮ್ಮ. "ಮೊದ್ಲು ನಾನು ಹೇಳೋದು ಕೇಳಿ. ಆಮೇಲೆ ಒಳಗ್ ಕರೀಬೇಕೋ ಬೇಡ್ವೋ ನೀವೇ ಹೇಳಿ."